ಹಲ್ಲಿ ನುಡಿಯುವ ಕೀಬೋರ್ಡು

ಸದ್ದಿಗೆ ಹೆದರುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಗುಡುಗಿಗೆ ಕಿವಿ ಮುಚ್ಚಿಕೊಳ್ಳುವವರು, ಕುಕ್ಕರಿನ ಸೀಟಿಗೆ ಬೆಚ್ಚುವವರು, ದೀಪಾವಳಿ ಬಂದರೆ ಮಂಚದಡಿ ಸೇರುವವರು. ನಾನು ಆ ಪೈಕಿ ಅಲ್ಲ. ನನಗೆ ಹೆದರಿಕೆಯಾಗುವುದು ಇದ್ದ ಸದ್ದು ನಿಂತಾಗ. ಫ್ರಿಜ್ಜು ಗೊರಗೊರ ಎನ್ನುತ್ತಿರುವಷ್ಟು ಹೊತ್ತು ಅದೊಂದು ಮನೆಯಲ್ಲಿದೆ ಎನ್ನುವುದೇ ನೆನಪಿರುವುದಿಲ್ಲ. ತಟ್ಟನೆ ನಿಂತಿತೋ, ಇಷ್ಟು ಹೊತ್ತೂ ಅಡುಗೆಮನೆಯಲ್ಲಿ ಯಾರೋ ನಿಂತಿದ್ದು ಈಗ ಉಸಿರು ಬಿಗಿಹಿಡಿದಿದ್ದಾರೆ ಅನ್ನಿಸುತ್ತದೆ. ಇಂಥವಳು ತಾನಾಗಿಯೇ ಅಂಗಡಿಗೆ ಹೋಗಿ, ಆರಿಸಿ, ಪ್ಯಾಕ್ ಮಾಡಿಸಿ ಮನೆಗೆ ಮೌನವನ್ನು ಕೊಂಡುತಂದಳು ಎಂದರೆ ಅವಳ ಬುದ್ಧಿಯ ಬಗ್ಗೆ ನೀವು ಏನು ಅಂದುಕೊಂಡರೂ ನನ್ನ ತಕರಾರಿಲ್ಲ.

ನಮ್ಮ ಯಜಮಾನರ ಕೆಲಸ ಚನ್ನಗಿರಿಯ ಮನೆಯಲ್ಲೇ, ಕಂಪ್ಯೂಟರ್ ಮುಂದೆ. ಯಾವುದೋ ಕಂಪನಿಯ ಗ್ರಾಹಕರು ಕನ್ನಡದಲ್ಲಿ ಬರೆದು ಕಳಿಸುವ ದೂರುಗಳಿಗೆ ಇವರು ಕನ್ನಡದಲ್ಲಿ ಸಮಾಧಾನ ಬರೆದು ಕಳಿಸಬೇಕು. ಮಧ್ಯಾಹ್ನ ಊಟವಾದ ಮೇಲೆ ಬಿಡುವು. ಆಗ ಜಗಳೂರಿನಲ್ಲಿರುವ ತಮ್ಮ ಕಾಲೇಜು ಗೆಳೆಯ ಬಸವರಾಜನ ಜೊತೆ ಅದೇ ಕಂಪ್ಯೂಟರಿನಲ್ಲಿ ಯುದ್ಧದ ಆಟ. ಬೆಳಿಗ್ಗೆ ಎಲ್ಲರ ಹತ್ತಿರ ಕ್ಷಮೆ ಕೇಳುವುದು, ಮಧ್ಯಾಹ್ನ ಎಲ್ಲರಿಗೂ ಗುಂಡು ಹಾರಿಸುವುದು. ಎರಡಕ್ಕೂ ಒಂದೇ ಮೆಕ್ಯಾನಿಕಲ್ ಕೀಬೋರ್ಡು. ಒಂದೊಂದು ಗುಂಡಿಯ ಕೆಳಗೂ ಒಂದೊಂದು ಸ್ಪ್ರಿಂಗ್ ಇರುತ್ತದಂತೆ. ಕ್ಷಮೆ ಕೇಳುವಾಗ ತಗಡಿನ ಮೇಲೆ ಆಲಿಕಲ್ಲು ಸುರಿದ ಸದ್ದು. ಆಟದಲ್ಲಿ ಗೋಡೆಯ ಮರೆಗೆ ಅವಿತು ಕೂತಾಗ ಮಾತ್ರ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಂದೇ ಗುಂಡಿ, ಬಿಡಿಬಿಡಿಯಾಗಿ, ಲೊಚ್ ಲೊಚ್ ಲೊಚ್.

ಆ ಕೋಣೆಗೂ ನಡುಮನೆಗೂ ಮಧ್ಯೆ ಇರುವುದು ಬರೀ ಹಲಗೆಯ ಗೋಡೆ. ಅದಕ್ಕೆ ಬೆನ್ನು ಕೊಟ್ಟು ದಿನವಿಡೀ ಕೂರುವವರು ನಮ್ಮ ಅತ್ತೆ. ನ್ಯಾಮತಿ ಕಡೆಯ ಗೋವಿನಕೋವಿಯವರು. ಕಣ್ಣಿಗೆ ಪೊರೆ ಬಂದು ಎರಡು ವರ್ಷದ ಮೇಲಾಗಿತ್ತು. ಹೊಸದಾಗಿ ಹಾಕಿಸಿದ ವೈಫೈ ಪೆಟ್ಟಿಗೆಯ ನೀಲಿ ದೀಪಕ್ಕೆ ಬಹಳ ದಿನ ಕೈಮುಗಿಯುತ್ತಿದ್ದರು. ನಾನು ಹೇಳಹೋದರೆ, "ಇರ್ಲಿ ಬಿಡಮ್ಮ, ಅದ್ರಾಗೂ ಶಿವ ಇರ್ತಾನೆ. ಅದು ಆರಿದ್ ದಿನ ನಿನ್ ಗಂಡ ಹೆಂಗ್ ಒದ್ದಾಡ್ತಾನೆ ನೋಡಿಲ್ವಾ?" ಎನ್ನುತ್ತಿದ್ದರು. ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಹಿತ್ತಿಲ ಕೊನೆಯ ಮೆಟ್ಟಿಲು ಅವರ ಪಾಲಿಗೆ ಇಲ್ಲವೇ ಇಲ್ಲವಾಗಿ ಒಮ್ಮೆ ಬಿದ್ದರು. ದಾವಣಗೆರೆಯ ಡಾಕ್ಟರು, ಪೊರೆ ಬಲಿತು ಗಟ್ಟಿಯಾಗುತ್ತಿದೆ, ಇನ್ನೂ ತಡಮಾಡಿದರೆ ಆಪರೇಷನ್ ಮಾಡಿಸಿಯೂ ಪ್ರಯೋಜನವಾಗಲಿಕ್ಕಿಲ್ಲ ಎಂದು ನಮ್ಮನ್ನು ಪಕ್ಕಕ್ಕೆ ಕರೆದು ಹೇಳಿದರು. ಅತ್ತೆಯದು ಒಂದೇ ಮಾತು: "ಈ ವಯಸ್ಸಿನಾಗೆ ಕಣ್ಣಿಗೆ ಚಾಕು ಹಾಕಿಸ್ಕಳಾಕೆ ನಾನೇನು ಹಲಸಿನಹಣ್ಣಾ?"

ಹೀಗಿರುವಾಗ ಒಂದು ಮಧ್ಯಾಹ್ನ, ಅಕ್ಕಿ ಆರಿಸುತ್ತಿದ್ದ ನನ್ನ ಹತ್ತಿರ, "ಹಾಳಾಗ್ ಹೋಗ್ಲಿ, ಮಾಡಿಸ್ಕಂಬಿಡ್ಲೇನೆ ಶೈಲಾ?" ಅಂದರು. ಅಂದ ಮರುಗಳಿಗೆ ಗೋಡೆಯಿಂದ, ಲೊಚ್ ಲೊಚ್ ಲೊಚ್. ಅತ್ತೆಯ ಮುಖ ಬದಲಾಯಿತು. ಬೆರಳಿನಿಂದ ನೆಲ ತಟ್ಟಿ, "ಶಿವ ಶಿವಾ, ಹಲ್ಲಿ ನುಡೀತು" ಅಂದರು. ನಮ್ಮಲ್ಲಿ ಆಡಿದ ಮಾತಿಗೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯ. ಅದರ ಮೇಲೆ ಮಾತಿಲ್ಲ. ನನ್ನನ್ನು ಓದಿಸಿದ ಕಾನ್ವೆಂಟಿನ ಸಿಸ್ಟರುಗಳು ಇಂಥದ್ದನ್ನೆಲ್ಲ ನಂಬಬಾರದೆಂದು ಬಹಳ ಕಷ್ಟಪಟ್ಟು ಕಲಿಸಿದ್ದರು. ಆದರೂ ಅಕ್ಕಿಯ ಮೊರ ಬಿಟ್ಟು ನಾನೂ ನೆಲ ತಟ್ಟಿದೆ. ನಂಬುವುದು ಬೇರೆ, ತಟ್ಟುವುದು ಬೇರೆ. ಆಪರೇಷನ್ನಿಗೆ ದಿನ ಗೊತ್ತಾಯಿತು.

ಅಷ್ಟರಲ್ಲಿ ಯಜಮಾನರಿಗೆ ಮೇಲಿನವರಿಂದ ತಾಕೀತು ಬಂತು. ಮೀಟಿಂಗಿನಲ್ಲಿ ಇವರ ಕಡೆಯಿಂದ ಕಲ್ಲು ಒಡೆಯುವ ಸದ್ದು ಬರುತ್ತಿದೆ, ಕ್ವಾರಿಯ ಪಕ್ಕ ಮನೆ ಮಾಡಿದ್ದೀರಾ ಎಂದು ಕೇಳಿದರಂತೆ. "ಸದ್ದು ಅಂತ ಬೈಯೋಳು ನೀನು. ನೀನೇ ಒಂದು ಆರಿಸು" ಎಂದು ಇವರು ನನ್ನ ತಲೆಗೆ ಕಟ್ಟಿದರು. ಕೆಲಸಕ್ಕೂ ಆಗಬೇಕು, ಆಟಕ್ಕೂ ಬರಬೇಕು, ಮೈಕಟ್ಟು ಚಿಕ್ಕದಿರಬೇಕು, ವೈರಿನ ಬಾಲ ಇರಬಾರದು, ಸದ್ದಂತೂ ಮಾಡಲೇಬಾರದು. ಹೆಣ್ಣು ನೋಡಲು ಬಂದವರೂ ನನ್ನಲ್ಲಿ ಇಷ್ಟನ್ನು ಕೇಳಿರಲಿಲ್ಲ.

ಹೊನ್ನಾಳಿಗೆ ಒಂದು ನಾಮಕರಣಕ್ಕೆ ಹೋದವರು ಅಲ್ಲಿನ ಕಂಪ್ಯೂಟರ್ ಅಂಗಡಿ ಹೊಕ್ಕೆವು. ಅಂಗಡಿಯವರು ಗಾಜಿನ ಮೇಜಿನ ಮೇಲೆ ಪುಟ್ಟದೊಂದು ಹಲಗೆ ಇಟ್ಟರು. ಅದರ ತುಂಬ ಬಿಡಿ ಗುಂಡಿಗಳು, ಕೆಳಗೆ ಬಣ್ಣಬಣ್ಣದ ಸ್ವಿಚ್ಚುಗಳು.

"ಒಂದೊಂದೇ ಒತ್ತಿ ನೋಡ್ರಿ ಅಕ್ಕಾರೆ. ಇದು ಕೆಂಪು, ಮೆತ್ತಗ್ ಐತೆ. ಇದು ಕಂದು, ಒತ್ತಿದ್ದು ಬೆರಳಿಗೆ ಗೊತ್ತಾಗ್ತತಿ. ಇದು ನೀಲಿ, ಊರಿಗೇ ಗೊತ್ತಾಗ್ತತಿ."

ನೀಲಿಯನ್ನು ಮೆಲ್ಲಗೆ ಒತ್ತಿದೆ. ಲೊಚ್. ಇನ್ನೊಮ್ಮೆ ಒತ್ತಿದೆ. ಲೊಚ್. ನನ್ನ ಇನ್ನೊಂದು ಕೈಯ ಬೆರಳು, ನನ್ನನ್ನು ಕೇಳದೆ, ಗಾಜಿನ ಮೇಲೆ ಟಕಟಕ ತಟ್ಟಿತು. ಅಂಗಡಿಯವರು ನನ್ನ ಬೆರಳನ್ನು ನೋಡಿದರು. ನಾನೂ ನೋಡಿದೆ. ತೋಳಿನ ಮೇಲೆ ರೋಮ ಎದ್ದು ನಿಂತಿತ್ತು. ನಮ್ಮ ನಡುಮನೆಯಲ್ಲಿ ಅತ್ತೆಯ ಕಣ್ಣಿನ ಹಣೆಬರಹ ಬರೆದ ಹಲ್ಲಿ ಯಾವುದೆಂದು ನನಗೆ ಗೊತ್ತಾಗಿದ್ದು ಹೊನ್ನಾಳಿಯಲ್ಲಿ.

"ಇದೇ ಕೊಡ್ಲೇನ್ರಿ?"

"ಬೇಡಿ, ಬೇಡಿ. ಇದು ನಮ್ಮ ಮನೇಲಿದೆ" ಎಂದು ಕೈ ಹಿಂದಕ್ಕೆ ಎಳೆದುಕೊಂಡೆ.

ಕೊನೆಗೆ ಆರಿಸಿದ್ದು ಸದ್ದು ಅಡಗಿಸಿದ ಕೆಂಪು ಸ್ವಿಚ್ಚಿನದು. ಒತ್ತಿದರೆ ಹತ್ತಿಯ ದಿಂಬಿನ ಮೇಲೆ ಹುಣಸೆಬೀಜ ಬಿದ್ದಷ್ಟೇ ಸದ್ದು. ಬಲಗಡೆಯ ಅಂಕಿಗಳ ಸಂಸಾರವನ್ನೇ ಕತ್ತರಿಸಿ ಬೇರೆ ಹಾಕಿದ್ದರಿಂದ ರೊಟ್ಟಿ ಹಂಚಿನ ಮೇಲೆ ಕೂರುವಷ್ಟು ಚಿಕ್ಕದು. ಬ್ಲೂಟೂತಿನಲ್ಲಿ ಆಟ ಆಡಿದರೆ ಕೂದಲೆಳೆಯಷ್ಟು ತಡವಾಗುತ್ತದೆ, ಅಷ್ಟರಲ್ಲಿ ಬಸವರಾಜ ಗುಂಡು ಹಾರಿಸಿಬಿಡುತ್ತಾನೆ ಎಂದು ಇವರು ಕಳವಳಪಟ್ಟರು. ಅದಕ್ಕೂ ಉಗುರಿನಷ್ಟಗಲದ ರಿಸೀವರ್ ಒಂದಿತ್ತು. ಕಂಪ್ಯೂಟರಿಗೆ ಸಿಕ್ಕಿಸಿದರೆ ಆಯಿತು. ಎಲ್ಲ ಲಕ್ಷಣವೂ ಕೂಡಿಬಂದಿತ್ತು. ಅಂಥ ಸಂಬಂಧಗಳಲ್ಲೇ ಏನಾದರೊಂದು ಇರುತ್ತದೆ.

ಹೊಸದು ಬಂದ ಮಾರನೆಯ ದಿನವೇ ನಾನು ಕೋಣೆಯಲ್ಲಿ ದೂಳು ಒರೆಸುತ್ತಿದ್ದೆ. ಕುರ್ಚಿ ಖಾಲಿ. ಮೇಜಿನ ಮೇಲೆ ಕೀಬೋರ್ಡೂ ಇಲ್ಲ. ಪರದೆಯ ಮೇಲೆ ಒಂದೊಂದೇ ಅಕ್ಷರ ತಾನಾಗಿ ಮೂಡತೊಡಗಿತು: ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ. ನಾನು ಬಟ್ಟೆ ಹಿಡಿದು ನಿಂತೇ ಇದ್ದೆ. ಸ್ವಲ್ಪ ಬಿಟ್ಟು ಇನ್ನೊಂದು ಸಾಲು: ದಯವಿಟ್ಟು ಅಲ್ಲೇ ಕಾಯುತ್ತಿರಿ.

ಯಜಮಾನರು ನಡುಮನೆಯ ಸೋಫಾದಲ್ಲಿ ಕಾಲು ಚಾಚಿ, ಬಾಗಿಲಿನಿಂದ ಓರೆಯಾಗಿ ಪರದೆ ನೋಡುತ್ತ, ತೊಡೆಯ ಮೇಲೆ ಕೀಬೋರ್ಡು ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು, ಅಷ್ಟೇ. "ವೈರ್‌ಲೆಸ್ ತಗೊಂಡಿದ್ದು ಯಾಕೆ ಮತ್ತೆ?" ಎಂದು ನಕ್ಕರು. ನಾನೂ ನಕ್ಕೆ. ಆದರೆ ಆವತ್ತಿನಿಂದ ಆ ಕೋಣೆಗೆ ಹೋಗುವಾಗ ಸುಮ್ಮನೆ ಒಮ್ಮೆ ಕೆಮ್ಮಿ ಹೋಗುವ ಅಭ್ಯಾಸವಾಯಿತು. ಮನೆ ತುಂಬ ಬೇರೆ ಥರದ ಸದ್ದುಗಳು ಕೇಳತೊಡಗಿದವು. ಹಲಗೆ ಬಿರಿಯುವುದು, ನಲ್ಲಿಯ ಒಳಗೆ ಗಾಳಿ ನರಳುವುದು, ಮಾಡಿನ ಮೇಲೆ ಯಾವುದೋ ಉಗುರು ಗೀರುತ್ತ ಹೋಗುವುದು. ಇವೆಲ್ಲ ಮೊದಲೂ ಇದ್ದವೇ, ಆಲಿಕಲ್ಲಿನ ಹಿಂದೆ ಅವಿತಿದ್ದವೇ, ಗೊತ್ತಿಲ್ಲ.

ಇನ್ನು ಅತ್ತೆ. ಒಂದು ದಿನ ನೋಡಿದರು, ಎರಡು ದಿನ ನೋಡಿದರು. ಗೋಡೆಗೆ ಕಿವಿಯಾನಿಸಿ, "ಹಲ್ಲಿ ಮಾತು ಬಿಟ್ಟೈತೆ ಕಣೇ" ಅಂದರು.

"ಬಿಸಿಲಿಗೆ ಎಲ್ಲೋ ಹೋಗಿರ್ಬೇಕು ಅತ್ತೆ."

"ಹೋಗು ಅಂದಿದ್ದೂ ಅದೇ, ಈಗ ಬಾಯಿ ಮುಚ್ಕಂಡಿರಾದೂ ಅದೇ. ಏನೋ ಕಂಡೈತೆ ಅದಕ್ಕೆ. ಕಣ್ಣು ಮಾಡಿಸ್ಕಂಡ್ರೆ ಕೆಟ್ಟದ್ದು ಏನೋ ಕಾಣ್ತೀನಿ ನಾನು. ದಾವಣಗೆರಿಗೆ ಫೋನ್ ಮಾಡು, ಬರಾಕಿಲ್ಲ ಅಂತ ಹೇಳು."

ಮಗ ಬೇಡಿಕೊಂಡರು, ಬೈದರು. "ಅವ್ವಾ, ಹಲ್ಲಿ ಮಾತು ಕೇಳಿ ಯಾರಾದ್ರೂ ಕಣ್ಣು ಕಳ್ಕಂತಾರಾ?" ಅತ್ತೆಯ ಉತ್ತರ ಸಿದ್ಧವಾಗಿತ್ತು: "ಹೆಂಡ್ತಿ ಮಾತು ಕೇಳಿ ಕಿವಿ ಕಳ್ಕಂಡೋರನ್ನ ನೋಡೀನಿ. ಹಲ್ಲಿ ಎಷ್ಟೋ ವಾಸಿ." ಆಪರೇಷನ್ನಿಗೆ ಉಳಿದದ್ದು ಆ ವಾರ ಮಾತ್ರ. ನಿಜವಾದ ಸಂಗತಿ ಹೇಳಿಬಿಡೋಣವೆಂದರೆ, ಮೊದಲು ನುಡಿದದ್ದೂ ಹಲ್ಲಿಯಲ್ಲ ಎಂದಾಗಿ, ಇದ್ದ ಒಂದು ಒಪ್ಪಿಗೆಯೂ ಬಿದ್ದುಹೋಗುತ್ತಿತ್ತು. ಅಂಗಳದಲ್ಲಿ ಅವರು ಗೋಡೆ ಸವರುತ್ತ, ಇಲ್ಲದ ಮೆಟ್ಟಿಲಿಗೆ ಕಾಲು ಚಾಚುತ್ತ ನಡೆಯುವುದನ್ನು ನೋಡಿ ನಾನು ಒಂದು ನಿರ್ಧಾರ ಮಾಡಿದೆ. ಸಿಸ್ಟರುಗಳು ಕ್ಷಮಿಸಲಿ: ಹಲ್ಲಿಯಾಗುವುದು.

ಮಾರನೆಯ ಮಧ್ಯಾಹ್ನ ಯಜಮಾನರು ತ್ಯಾವಣಿಗೆಗೆ ಹೋಗಿದ್ದರು. ಅಟ್ಟಕ್ಕೆ ಹಾಕಿದ್ದ ಹಳೆಯ ಕೀಬೋರ್ಡು ಇಳಿಸಿ, ಸೆರಗಿನಲ್ಲಿ ಮುಚ್ಚಿ ತಂದು, ಹಲಗೆ ಗೋಡೆಯ ಪಕ್ಕ ಮೇಜಿನ ಮೇಲೆ ಇಟ್ಟೆ. ವೈರು ಯಾವುದಕ್ಕೂ ಸಿಕ್ಕಿಸದೆ ಸತ್ತ ಹಾವಿನಂತೆ ನೇತಾಡುತ್ತಿತ್ತು. ಹೊಸದು ಪಕ್ಕದಲ್ಲೇ, ದೀಪ ಆರಿಸಿಕೊಂಡು ಮಲಗಿತ್ತು. ಕಂಪ್ಯೂಟರೂ ಆಫ್. ಗೋಡೆಯಾಚೆ ಅತ್ತೆಯ ಉಸಿರು ಕೂಡ ಕೇಳುತ್ತಿತ್ತು. ಯಾವಾಗ ಬಾಯಿ ಬಿಡುತ್ತಾರೋ ಎಂದು ನಾನು ದೊಡ್ಡ ಗುಂಡಿಯ ಮೇಲೆ ಬೆರಳು ಹಿಡಿದು ಕಾದೆ. ಬಸವರಾಜನಿಗಾಗಿ ಇವರು ಹೇಗೆ ಕಾಯುತ್ತಾರೆಂದು ಆಗ ಅರ್ಥವಾಯಿತು.

ಕೊನೆಗೆ ಆಚೆಯಿಂದ ಸಣ್ಣ ದನಿ ಬಂತು. ಮಗುವಿನ ಹತ್ತಿರ ಮಾತಾಡಿದ ಹಾಗೆ.

"ಯಾಕೋ ಸುಮ್ನಾದೆ? ನಂಗೂ ಹೆದ್ರಿಕೆ ಐತೋ ಮಾರಾಯ. ಹೋಗು ಅನ್ನಂಗಿದ್ರೆ ಒಂದ್ ಸಲ ಅನ್ನು. ಹೋಗ್ತೀನಿ."

ಲೊಚ್ ಲೊಚ್ ಲೊಚ್.

ನಾನು ಒತ್ತಿರಲಿಲ್ಲ. ಬೆರಳು ಇನ್ನೂ ಗುಂಡಿಯ ಮೇಲೆ ಗಾಳಿಯಲ್ಲಿತ್ತು. ಸದ್ದು ಬಂದದ್ದು ನನ್ನ ಮುಂದಿನ ಹಲಗೆಯಿಂದ, ನನ್ನ ಮುಖದ ಎತ್ತರದಿಂದ, ಮುಟ್ಟಿದರೆ ಸಿಗುವಷ್ಟು ಹತ್ತಿರದಿಂದ. ಗಾಬರಿಗೆ ಕೈ ತಾನಾಗಿ ಕೆಳಗೆ ಬಿತ್ತು. ಆಗ ನನ್ನದೂ ಒಂದು ಲೊಚ್ ಆಯಿತು. ಆಚೆಗೆ ಅತ್ತೆ ನೆಲ ತಟ್ಟುವುದು ಕೇಳಿಸಿತು. ಒಂದು ಸಲ ತಟ್ಟಿದರು. ಸ್ವಲ್ಪ ತಡೆದು, ಏನೋ ಯೋಚಿಸಿದಂತೆ, ಮತ್ತೆ ತಟ್ಟಿದರು.

ನಾನು ಕ್ಯಾಲೆಂಡರ್ ಎತ್ತಿ ನೋಡಿದೆ. ಟ್ಯೂಬ್‌ಲೈಟಿನ ಹಿಂದೆ, ಕಪಾಟಿನ ಸಂದಿ, ಫೋಟೋಗಳ ಬೆನ್ನು, ಎಲ್ಲ ನೋಡಿದೆ. ಒಂದು ಬಾಲ ಇಲ್ಲ, ಒಂದು ಹಿಕ್ಕೆ ಇಲ್ಲ. ಹಲಗೆಗೆ ಹೋದ ವರ್ಷ ಬಣ್ಣ ಹೊಡೆಸಿದ ಮೇಲೆ ಆ ಕೋಣೆಯಲ್ಲಿ ನಾನು ಹಲ್ಲಿಯನ್ನೇ ಕಂಡಿರಲಿಲ್ಲ.

ಅತ್ತೆ ದಾವಣಗೆರೆಗೆ ಹೋದರು, ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಬಂದವರು ಮನೆಯನ್ನೆಲ್ಲ ಒಂದು ಸುತ್ತು ನೋಡಿ, "ಇಷ್ಟು ಜೇಡರಬಲೆಯಾಗೆ ಬಾಳ್ವೆ ಮಾಡ್ತಿದ್ವಾ ನಾವು? ನಿಂಗಾದ್ರೂ ಕಣ್ಣಿದ್ವಲ್ಲೇ!" ಅಂದರು. ಹಿತ್ತಿಲಿಗೆ ಹೋಗಿ ಕೊನೆಯ ಮೆಟ್ಟಿಲ ಮೇಲೆ ಎರಡೂ ಪಾದ ಇಟ್ಟು ನಿಂತರು, ಬಹಳ ಹೊತ್ತು. ನನಗೆ ಕಣ್ಣು ತುಂಬಿ ಬಂತು.

ಸಂಜೆ ಕಾಫಿ ಕುಡಿಯುವಾಗ ಮಗನಿಗೆ ಕೇಳುವಂತೆಯೇ ಹೇಳಿದರು: "ಆವತ್ತು ಎರಡು ಹಲ್ಲಿ ನುಡಿದ್ವು ಕಣೋ. ಎರಡ್ನೇದಕ್ಕೆ ಬಳೆ ಸದ್ದಿತ್ತು." ನನ್ನ ಕೈಯ ಗಾಜಿನ ಬಳೆಗಳನ್ನು ಕನ್ನಡಕದ ಮೇಲಿಂದ ನೋಡಿದರು. ನಾನು ಲೋಟ ಕೆಳಗಿಟ್ಟೆ. ಅವು ಮತ್ತೆ ಸದ್ದು ಮಾಡಿದವು. "ಬಳೆ ಹಾಕ್ಕಂಡ ಹಲ್ಲಿ ಮಾತಿಗೆ ನಾನು ದಾವಣಗೆರಿಗೆ ಹೋಗಾಳಲ್ಲ. ಹೋಗಿದ್ದು ಮೊದಲ್ನೇದರ ಮಾತಿಗೆ. ಅದ್ಯಾರು?"

ಯಜಮಾನರಿಗೆ ಎಲ್ಲ ವಿವರಿಸಬೇಕಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕರು. ಅಟ್ಟದ ಕೀಬೋರ್ಡು, ಸೆರಗು, ಬಳೆ ಒಂದೊಂದಕ್ಕೂ ನಕ್ಕರು. ಆಮೇಲೆ ನಗು ನಿಲ್ಲಿಸಿ, ಹಲಗೆಯ ಗೋಡೆಯ ಕಡೆ ತಿರುಗಿ, "ಅಲ್ವೇ, ನಾನಿಲ್ದಾಗ ಆ ಕೋಣೆಗೆ ಒಬ್ಳೇ ಹೋಗಾಕೆ ಈಗ ನಿಂಗೆ ಹೆದ್ರಿಕೆ ಆಗಲ್ವಾ?" ಎಂದು ಕೇಳಿದರು.

"ನನಗೇನು ಹೆದರಿಕೆ? ಕಾನ್ವೆಂಟಿನಲ್ಲಿ ಓದಿದವಳು ನಾನು. ಚೂರೂ ಇಲ್ಲ" ಎಂದೆ, ಸ್ವಲ್ಪ ಗಟ್ಟಿಯಾಗಿಯೇ.

ಹೇಳಿದ ಮೇಲೆ ಯಾಕೋ ಮೂವರೂ ಗೋಡೆಯ ಕಡೆ ಕಿವಿಗೊಟ್ಟೆವು. ಅತ್ತೆ ನೆಲ ತಟ್ಟಲು ಬೆರಳು ಸಿದ್ಧವಾಗಿ ಹಿಡಿದುಕೊಂಡು ಕಾಯುತ್ತಿದ್ದರು. ನಾನೂ ಕಾದೆ. ಕಾಫಿ ಆರಿತು. ಗೋಡೆ ಮಾತ್ರ ಒಂದೇ ಒಂದು ಸದ್ದು ಮಾಡಲಿಲ್ಲ.