ನೆಗ್ಗಿಲು ಮುಳ್ಳಿನ ಲಾನು

ಹೂವಿನ ಗಿಡ ಬೆಳೆಸುವವರನ್ನು ಜನ ರಸಿಕರು ಅನ್ನುತ್ತಾರೆ, ತರಕಾರಿ ಬೆಳೆಸುವವರನ್ನು ಜಾಣರು ಅನ್ನುತ್ತಾರೆ. ಮುತುವರ್ಜಿಯಿಂದ ಮುಳ್ಳು ಬೆಳೆಸಿದವರನ್ನು ಏನನ್ನಬೇಕೆಂದು ಲೋಕ ಇನ್ನೂ ತೀರ್ಮಾನಿಸಿದಂತಿಲ್ಲ. ನಮ್ಮ ಯಜಮಾನರು ತೀರ್ಮಾನಿಸಿದ್ದಾರೆ, ಆದರೆ ಆ ಮಾತನ್ನು ಇಲ್ಲಿ ಬರೆಯುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ನಾನು ಹೊಸದುರ್ಗದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಬೋರ್ಡಿನ ಮೇಲಿನ ಲೆಕ್ಕ ಎಲ್ಲಿ ತಪ್ಪಿತೆಂದು ಹಿಂದಿನ ಬೆಂಚಿನ ಹತ್ತಿರ ನಿಂತೇ ಹೇಳಬಲ್ಲೆ. ಆದರೆ ಹಿತ್ತಲಲ್ಲಿ ತಲೆ ಎತ್ತಿದ ಎರಡೆಲೆ ಮುಂದೆ ಗುಲಾಬಿಯಾಗುತ್ತದೋ ಗ್ರಹಚಾರವಾಗುತ್ತದೋ ಎಂದು ಹೇಳುವ ವಿದ್ಯೆ ನನಗೆ ಒಲಿದಿಲ್ಲ. ಒಲಿದಿದೆ ಎಂದೇ ಬಹಳ ದಿನ ನಂಬಿಕೊಂಡಿದ್ದೆ.

ನನ್ನ ತವರು ಹಿರಿಯೂರು ತಾಲ್ಲೂಕಿನ ಯಲ್ಲದಕೆರೆ, ಕುರಿ ಸಾಕುವ ಮನೆತನ. ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ ನಮ್ಮ ಕಡೆಯ ರೈತರು ಕುರಿಯವರನ್ನು ಕರೆದು ಮಂದೆ ತರುಬಿಸುತ್ತಾರೆ. ಕುರಿಗಳು ರಾತ್ರಿ ಆ ಹೊಲದಲ್ಲಿ ಮಲಗಿ, ಬೆಳಗಾದ ಮೇಲೆ ಹಿಕ್ಕೆ ಬಿಟ್ಟು ಎದ್ದು ಹೋಗುತ್ತವೆ. ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ ಎಂಬುದು ಚಿಕ್ಕಂದಿನಿಂದ ಕೇಳಿಕೊಂಡು ಬಂದ ಮಾತು. ಹೀಗಾಗಿ ಕಳೆದ ಬೇಸಿಗೆಯಲ್ಲಿ ನನ್ನ ಅಣ್ಣ ತಿಪ್ಪೇಸ್ವಾಮಿ ಮಂದೆ ಹೊಡೆದುಕೊಂಡು ಹೊಸದುರ್ಗದ ಹತ್ತಿರದ ಮಾಡದಕೆರೆಯ ಕಡೆ ಬಂದಿದ್ದಾನೆಂದು ತಿಳಿದಾಗ ನನ್ನ ತಲೆಗೆ ಒಂದು ಯೋಚನೆ ಹೊಕ್ಕಿತು. ನಮ್ಮ ಹಿತ್ತಲು ದೊಡ್ಡದೇನಲ್ಲ. ಒಂದು ಕರಿಬೇವು, ಒಂದು ದಾಸವಾಳ, ಎರಡು ಮಡಿ ಟೊಮೆಟೊ, ಬಟ್ಟೆ ಒಣಗಿಸುವ ತಂತಿ, ಅಷ್ಟೇ. ಫೋನು ಮಾಡಿ, ಬಂದು ಮಂದೆ ತರುಬು ಎಂದೆ.

"ಲೇ ಶಾಂತಿ, ಮಂದೆ ತರುಬಾದು ಹೊಲಕ್ಕೆ. ಹಿತ್ಲಿಗೆ ಯಾರಾದ್ರೂ ತರುಬುಸ್ತಾರೇನವ್ವ? ಎರಡು ಚೀಲ ಹಳೇ ಗೊಬ್ಬರ ಕಳಿಸ್ತೀನಿ, ಸುಮ್ನಿರು" ಎಂದ ಅಣ್ಣ.

ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಊರವರ ಹೊಲಕ್ಕೆಲ್ಲ ಮಂದೆ, ಒಡಹುಟ್ಟಿದವಳಿಗೆ ಮಾತ್ರ ಚೀಲವೇ ಎಂದು ತವರಿನ ಅಸ್ತ್ರ ಪ್ರಯೋಗಿಸಿದೆ. ಪಾಪ, ಅಣ್ಣ ಸೋತ. ಹಿತ್ತಲಿಗೆ ಹಿಡಿಸುವಷ್ಟು ಕುರಿಗಳನ್ನು ಬೇರೆ ಮಾಡಿ ಗೇಟಿನಿಂದ ಒಳಗೆ ಬಿಟ್ಟ. ಬಸ್ ಡಿಪೋದಲ್ಲಿ ಗುಮಾಸ್ತರಾಗಿರುವ ನಮ್ಮ ಯಜಮಾನರು ಕಿಟಕಿಯಿಂದ ನೋಡಿ, "ಇದು ಓವರ್‌ಲೋಡ್ ಆಯ್ತು" ಎಂದರು. ಬೆಳಗಾಗುವಷ್ಟರಲ್ಲಿ ದಾಸವಾಳ ಮೋಟಾಗಿತ್ತು, ತಂತಿಯ ಮೇಲಿದ್ದ ಅವರ ಟವೆಲಿನ ಒಂದು ಅಂಚು ಮಾಯವಾಗಿತ್ತು. ಹಿಕ್ಕೆ ಮಾತ್ರ ಭರ್ಜರಿಯಾಗಿತ್ತು. ನಾನು ಗೆದ್ದವಳಂತೆ ಕಾಫಿ ಕುಡಿದೆ.

ಕುರಿಗಳು ಬರುವಾಗ ಬರಿಗೈಯಲ್ಲಿ ಬಂದಿರಲಿಲ್ಲ ಎಂಬುದು ಮೊದಲ ಮಳೆ ಬಿದ್ದ ಮೇಲೆ ತಿಳಿಯಿತು. ದಾರಿಯುದ್ದಕ್ಕೂ ಬೀಳು ನೆಲದಲ್ಲಿ ಮೇಯ್ದು, ಉಣ್ಣೆಯಲ್ಲಿ, ಗೊರಸಿನಲ್ಲಿ, ಹೊಟ್ಟೆಯಲ್ಲಿ ಏನೇನು ಬೀಜ ಹೊತ್ತು ತಂದಿದ್ದವೋ, ಅಷ್ಟನ್ನೂ ನನ್ನ ಹಿತ್ತಲಿಗೆ ಒಪ್ಪಿಸಿ ಹೋಗಿದ್ದವು. ಹಸಿರು ಎದ್ದ ರೀತಿಗೆ ನಾನು ಹಿಗ್ಗಿಹೋದೆ. ಒಂದು ಮೂಲೆಯಲ್ಲಿ ಬೂದು ಬಣ್ಣದ ಎಲೆ, ಅರಿಶಿನ ಬಣ್ಣದ ಹೂವು, ಯಾವುದೋ ಊಟಿಯ ಗಿಡದ ಹಾಗೆ. ಬೇಲಿಯ ಪಕ್ಕದಲ್ಲಿ ಕೀರೆ ಸೊಪ್ಪಿನಂಥದ್ದು. ನಡುವೆಲ್ಲ ನೆಲಕ್ಕೆ ಅಂಟಿಕೊಂಡು ಹರಡಿದ, ಕಡಲೆ ಗಿಡದಂಥ ಪುಟ್ಟ ಎಲೆಯ, ಹಳದಿ ಹೂವಿನ ಬಳ್ಳಿ. ನಾನು ಅದರ ಫೋಟೋ ತೆಗೆದು, 'ನಮ್ಮ ಹೊಸ ಲಾನು' ಎಂದು ಬರೆದು ತವರಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಅಣ್ಣನಿಂದ ಧ್ವನಿ ಸಂದೇಶ ಬಂತು. ಅದರಲ್ಲಿ ಅರ್ಧ ಬರೀ ನಗುವೇ ಇತ್ತು. ಉಳಿದರ್ಧದಲ್ಲಿ, "ಅದು ನೆಗ್ಗಿಲು ಕಣವ್ವ. ಕಾಯಿ ಬಲೀಲಿ, ಆಮೇಲೆ ಲಾನ್ ಮ್ಯಾಲೆ ಕುಂತು ನೋಡು" ಎಂದಿದ್ದ. ನಾನು ಆ ಸಂದೇಶವನ್ನು ಯಾರಿಗೂ ಕೇಳಿಸಲಿಲ್ಲ. ಫೋಟೋಕ್ಕೆ ಅತ್ತಿಗೆ ಹಾಕಿದ್ದ ಚಪ್ಪಾಳೆಯನ್ನು ಮಾತ್ರ ಎಲ್ಲರಿಗೂ ತೋರಿಸಿದೆ.

ಇಷ್ಟಕ್ಕೇ ನಿಂತಿದ್ದರೆ ನಾನು ಲಾನಿನ ಪಕ್ಷವನ್ನೇ ಹಿಡಿದುಕೊಂಡಿರುತ್ತಿದ್ದೆನೋ ಏನೋ. ಅಷ್ಟರಲ್ಲಿ ಅವ್ವನಿಗೆ ಚಿತ್ರದುರ್ಗದ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಸುವುದೆಂದಾಯಿತು. ಊರಿನ ಮನೆಯಲ್ಲಿ ಕುರಿ, ಉಣ್ಣೆ, ಧೂಳು. ಆಪರೇಷನ್ ಆದ ಮೇಲೆ ನಮ್ಮಲ್ಲೇ ಇರಲಿ ಎಂದೆ. ಅವ್ವನಿಗೆ ಶುಗರ್ ಇದೆ. ಡಾಕ್ಟರು ಕಣ್ಣಿನ ಬಗ್ಗೆ ಹೇಳಿದ್ದಕ್ಕಿಂತ ಕಾಲಿನ ಬಗ್ಗೆಯೇ ಹೆಚ್ಚು ಹೇಳಿದರು: ಕಾಲಿಗೆ ಗಾಯವಾದರೆ ಬೇಗ ಮಾಯುವುದಿಲ್ಲ, ಜೋಪಾನ. ಆದರೆ ನಮ್ಮ ಅವ್ವ ಬೆಳೆ ನಿಂತ ನೆಲಕ್ಕೆ ಜನ್ಮದಲ್ಲಿ ಮೆಟ್ಟು ಹಾಕಿ ಹೋದವಳಲ್ಲ. "ಅನ್ನ ಕೊಡಾ ನೆಲಾನ ಮೆಟ್ನಾಗೆ ತುಳೀತಾರೇನೇ?" ಎನ್ನುತ್ತಾಳೆ. ಕುರಿ ಮೇಯ್ದ ಮೇಲೆ ಮತ್ತೆ ನೆಟ್ಟ ಎರಡು ಮಡಿ ಟೊಮೆಟೊ ಇದ್ದರೂ ಅವಳ ಲೆಕ್ಕದಲ್ಲಿ ಅದು ಹೊಲವೇ. ಬೆಳಿಗ್ಗೆ ಎದ್ದವಳು ಬರಿಗಾಲಲ್ಲಿ ಹಿತ್ತಲಿಗೆ ಹೋಗದೆ ಇರುವುದಿಲ್ಲ. ನನಗೆ ನಿಜವಾಗಿ ಭಯವಾಯಿತು. ಆ ವೇಳೆಗೆ ಲಾನು ಕಾಯಿ ಬಿಟ್ಟಿತ್ತು. ಒಂದೊಂದು ಕಾಯಿಗೂ ಸುತ್ತ ಮುಳ್ಳು. ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಇರುತ್ತದೆ.

ಮುಳ್ಳಿನ ಗಿಡ ಯಾವುದು, ಅಲ್ಲದ್ದು ಯಾವುದು ಎಂದು ಗುರುತಿಸುವ ಕೆಲಸ ಭಾನುವಾರ ಬೆಳಿಗ್ಗೆ ಶುರುವಾಯಿತು. ಗಿಡದ ಫೋಟೋ ತೆಗೆದರೆ ಹೆಸರು ಹೇಳುವ ಆ್ಯಪನ್ನು ಯಜಮಾನರು ಫೋನಿಗೆ ಹಾಕಿಕೊಂಡಿದ್ದರು. ಅದು ನೆಗ್ಗಿಲಿಗೆ ಇಷ್ಟುದ್ದದ ಲ್ಯಾಟಿನ್ ಹೆಸರು ಹೇಳಿತು. ಅವರು ಅದನ್ನು ಓದಿ ಮುಗಿಸುವಷ್ಟರಲ್ಲಿ ಮುಳ್ಳು ಪರಿಚಯ ಮಾಡಿಕೊಂಡುಬಿಟ್ಟಿತ್ತು. ಬೇಲಿ ಪಕ್ಕದ್ದನ್ನು ಕೀರೆ ಸೊಪ್ಪಿನ ಜಾತಿ ಎಂದಿತು. ನಾನು ಮಧ್ಯಾಹ್ನದ ಸಾರಿಗಾಯಿತೆಂದು ಹಿಡಿಯಾಗಿ ಕಿತ್ತೆ. ಜಾತಿ ಸರಿ, ಆದರೆ ಅದು ಮುಳ್ಳುಕೀರೆ. ಊಟಿಯ ಹೂವು ಅರಿಶಿನ ದತ್ತೂರಿ; ಎಲೆ ಮುಟ್ಟಿದರೂ ಚುಚ್ಚುತ್ತದೆ. ಉತ್ತರಾಣಿಯನ್ನು ಗುರುತಿಸಲು ಆ್ಯಪ್ ಬೇಕಾಗಲಿಲ್ಲ, ಅದು ತಾನಾಗಿ ನನ್ನ ಸೀರೆಯ ಅಂಚಿಗೆ ಅಂಟಿಕೊಂಡು ಅಡುಗೆಮನೆಯವರೆಗೆ ಬಂದಿತ್ತು. ದತ್ತೂರಿಯನ್ನು ಗೋಣಿಚೀಲ ಸುತ್ತಿದ ಕೈಯಲ್ಲಿ ಬುಡಸಮೇತ ಎಳೆದೆವು. ನೆಗ್ಗಿಲಿನ ನಡುಬೇರು ಹುಡುಕಿ, ಸುತ್ತಲ ಬಳ್ಳಿಯನ್ನು ದೋಸೆ ಎತ್ತಿದ ಹಾಗೆ ಒಟ್ಟಿಗೇ ಎತ್ತಿ ಮಂಕರಿಗೆ ತುಂಬಿದೆವು. ಉದುರಿದ ಕಾಯಿಗೇನು ಮಾಡುವುದೆಂದು ಅಣ್ಣನನ್ನು ಕೇಳಿದರೆ, "ಕಂಬಳಿ ಎಳ್ದಾಡು, ಎಲ್ಲಾ ಅಂಟ್ಕಂತವೆ. ಅವ್ವುಂಗೆ ಮಾತ್ರ ಹೇಳಬ್ಯಾಡ" ಎಂದ. ಕಂಬಳಿ ಎಂದರೆ ನಮ್ಮಲ್ಲಿ ದೇವರ ಗದ್ದುಗೆಗೆ ಹಾಸುವ ವಸ್ತು. ನನಗೆ ಧೈರ್ಯ ಬರಲಿಲ್ಲ. ಗೋಣಿಚೀಲವನ್ನೇ ನೆನೆಸಿ, ಅದರ ಮೇಲೊಂದು ಕಲ್ಲಿಟ್ಟು ಹಿತ್ತಲ ತುಂಬ ಎಳೆದಾಡಿದೆವು. ಪಕ್ಕದ ಮನೆಯವರು ಇದೇನು ಹರಕೆಯೋ ಎಂಬಂತೆ ಬೇಲಿಯ ಮೇಲಿಂದ ಇಣುಕಿದರು.

ಅವ್ವ ಬಂದಳು. ಕಪ್ಪು ಕನ್ನಡಕ ಹಾಕಿಕೊಂಡು, ನಾನು ಎಷ್ಟು ಹೇಳಿದರೂ ಕೇಳದೆ ಬರಿಗಾಲಲ್ಲಿ ಹಿತ್ತಲು ಸುತ್ತಿದಳು. ನಾನು ಅವಳ ಪಾದವನ್ನೇ ನೋಡುತ್ತ ಹಿಂದೆ ಹಿಂದೆ ಹೋದೆ. ಒಂದು ಮುಳ್ಳೂ ತಾಗಲಿಲ್ಲ. ನನ್ನ ಎದೆ ಉಬ್ಬಿತು. ಆದರೆ ಆವತ್ತು ಸಂಜೆಯೇ ಟಿವಿ ಮುಂದೆ ಯಜಮಾನರು "ಅಯ್ಯಪ್ಪಾ!" ಎಂದು ಒಂಟಿಕಾಲಲ್ಲಿ ಕುಣಿದರು. ನಡುಮನೆಯಲ್ಲಿ ನೆಗ್ಗಿಲು! ಮಾರನೆಯ ದಿನ ದೇವರ ಕೋಣೆಯ ಹೊಸಿಲ ಬಳಿ ಒಂದು, ಆಮೇಲೆ ಅವ್ವನ ಮಂಚದ ಪಕ್ಕದಲ್ಲೇ ಒಂದು. ಹಿತ್ತಲಲ್ಲಿ ಇಲ್ಲದ ಮುಳ್ಳು ಮನೆಯೊಳಗೆ ಬಿಡುತ್ತಿದೆಯೇ? ಅವ್ವನ ಕಾಲಿಗೆ ತಗುಲಿದರೆ ಏನು ಗತಿ ಎಂದು ನನಗೆ ಊಟ ಸೇರದಾಯಿತು. ಹೆದರಿದಾಗ ನಾನು ಅಳುವವಳಲ್ಲ, ಬೈಯುವವಳು. ಯಜಮಾನರ ಪ್ಯಾಂಟಿನ ಮಡಿಕೆ ತಪಾಸಣೆ ಮಾಡಿದೆ. ಅಣ್ಣನಿಗೆ ಫೋನು ಮಾಡಿ ಅವನ ಕುರಿಗಳನ್ನೆಲ್ಲ ಬೈದೆ. ಪಕ್ಕದ ಮನೆಯ ಮೇಕೆಯನ್ನೂ ಬಿಡಲಿಲ್ಲ. "ನಾನು ಹಿತ್ಲಿಗೆ ಹೋಗಿ ವಾರ ಆಯ್ತು ಕಣೆ" ಎಂದರು ಯಜಮಾನರು ಕಾಲು ನೀವಿಕೊಳ್ಳುತ್ತ. ಹೋಗದೆ ಇರುವುದೇ ಅನುಮಾನಕ್ಕೆ ಕಾರಣ ಎಂದೆ. ಮನೆಯಲ್ಲಿ ಮಾತು ನಿಂತಿತು.

ಇಲ್ಲಿ ನನ್ನ ಚಪ್ಪಲಿಯ ವಿಷಯ ಹೇಳಬೇಕು. ನನಗೆ ಹಿಮ್ಮಡಿ ನೋವು. ಮನೆಯೊಳಗೆ ಓಡಾಡಲು ಡಾಕ್ಟರು ಹೇಳಿದ ದಪ್ಪ ಮೆತ್ತನೆ ಅಟ್ಟೆಯ ಚಪ್ಪಲಿ ಹಾಕಿಕೊಳ್ಳುತ್ತೇನೆ. ಅವ್ವ ಮಲಗಿದ್ದಾಗ ಮಾತ್ರ ಅವೇ ಚಪ್ಪಲಿಯಲ್ಲಿ ಹಿತ್ತಲಿಗೆ ಹೋಗಿ, ಬೇಲಿಯ ಬುಡದಲ್ಲಿ ಎಲ್ಲಾದರೂ ಮುಳ್ಳು ಉಳಿದಿದೆಯೇ ಎಂದು ಮೂಲೆಮೂಲೆ ತುಳಿದು ಪರೀಕ್ಷಿಸಿ ಬರುತ್ತಿದ್ದೆ.

ಕಪ್ಪು ಕನ್ನಡಕ ತೆಗೆಯಬಹುದು ಎಂದು ಡಾಕ್ಟರು ಹೇಳಿದ ದಿನ ನಾನು ಮಂಚದ ಮೇಲೆ ಕಾಲು ಚಾಚಿ ಮಲಗಿದ್ದೆ. ನನ್ನ ಚಪ್ಪಲಿಯಲ್ಲೊಂದು ನೆಲದ ಮೇಲೆ ಬೋರಲಾಗಿ ಬಿದ್ದಿತ್ತು. ಚಪ್ಪಲಿ ಬೋರಲು ಬಿದ್ದರೆ ಮನೆಯಲ್ಲಿ ಜಗಳವಾಗುತ್ತದೆ ಎಂಬುದು ಅವ್ವನ ನಂಬಿಕೆ. ಸರಿ ಮಾಡಲು ಬಗ್ಗಿದವಳು ಬಗ್ಗಿದಂತೆಯೇ ನಿಂತಳು.

"ಏನೇ ಶಾಂತಿ, ಇದ್ರಾಗೆ ನೆಗ್ಗಿಲು ನಾಟಿ ಮಾಡಿದ್ದೀಯೇನೇ?"

ಅಟ್ಟೆಯ ತುಂಬ ಮುಳ್ಳು. ಮೆತ್ತಗಿದ್ದುದರಿಂದ ಕಾಯಿಗಳು ಸೊಗಸಾಗಿ ಚುಚ್ಚಿಕೊಂಡು ಕೂತಿದ್ದವು. ದಪ್ಪಗಿದ್ದುದರಿಂದ ನನಗೆ ತಾಗಿರಲಿಲ್ಲ. ಹಿತ್ತಲಿಂದ ನಡುಮನೆಗೆ, ನಡುಮನೆಯಿಂದ ದೇವರ ಕೋಣೆಗೆ, ಅಲ್ಲಿಂದ ಅವ್ವನ ಮಂಚಕ್ಕೆ ಒಂದೊಂದಾಗಿ ಹಂಚುತ್ತ ಬಂದವಳು ನಾನೇ. ಅವ್ವ ಬೈಯುತ್ತಾಳೆಂದು ಕಾದೆ. ಅವಳು ಚಪ್ಪಲಿ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕುಳಿತಳು. ತಾಳಿಯ ಸರಕ್ಕೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಮುಳ್ಳು ಕೀಳತೊಡಗಿದಳು. ಹಿಂದೆ ಮನೆಯ ಎಲ್ಲರ ಕಾಲಿನ ಮುಳ್ಳೂ ಅವಳೇ ತೆಗೆಯುತ್ತಿದ್ದಳು. ಕಣ್ಣು ಮಂಜಾದ ಮೇಲೆ, ಕುರಿಯ ಗೊರಸಿನ ಮುಳ್ಳು ತೆಗೆಸಲು ಬಂದವರನ್ನು ಸಹ ತನಗೆ ಕಾಣಲ್ಲ ಎಂದು ವಾಪಸು ಕಳಿಸುತ್ತಿದ್ದಳಂತೆ.

"ಕಾಣ್ತವೆ ಕಣೇ! ಮುಳ್ಳಿನ ತುದಿನೂ ಕಾಣ್ತೈತೆ, ನೋಡಿಲ್ಲಿ!" ಎಂದು ಮಗುವಿನಂತೆ ನಕ್ಕಳು. ನನ್ನ ಕಣ್ಣಲ್ಲಿ ನೀರು ಬಂತು. ಆಪರೇಷನ್ ಸರಿಹೋಯಿತು ಎಂದು ಡಾಕ್ಟರು ಹೇಳಿದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಆ ಸಂತೋಷದಲ್ಲಿ ಮನೆಯವರ ಕ್ಷಮೆ ಕೇಳಲು ಮರೆತೆ. ಡಿಪೋದಿಂದ ಬಂದ ಯಜಮಾನರಿಗೆ ಅವ್ವನೇ ಎಲ್ಲ ಹೇಳಿ, "ಆಕೀದು ಏನೂ ತಪ್ಪಿಲ್ಲ ಬಿಡ್ರಿ. ಮೆಟ್ಟು ಬೋರಲು ಬಿದ್ದಿತ್ತು, ಅದುಕ್ಕೇ ಜಗಳ" ಎಂದಳು. ಅವರು "ಹೌದತ್ತೆ, ಎಲ್ಲಾ ಮೆಟ್ಟಿಂದೇ ತಪ್ಪು" ಎಂದು ದೊಡ್ಡ ಮನುಷ್ಯರಂತೆ ತಲೆಯಾಡಿಸಿದರು. ಆಮೇಲೆ ಗಿಡದ ಹೆಸರು ಹೇಳುವ ಆ್ಯಪ್ ತೆರೆದು, ಫೋನನ್ನು ನನ್ನ ಮುಖಕ್ಕೆ ಹಿಡಿದು ಒಂದು ಫೋಟೋ ತೆಗೆದರು. ಪರದೆ ನೋಡಿ ನಕ್ಕರು. ಅವ್ವನಿಗೆ ತೋರಿಸಿದರು. ಹೊಸ ಕಣ್ಣಲ್ಲಿ ಅದನ್ನು ನೋಡಿ ಅವಳೂ ನಕ್ಕಳು. ಅದು ಯಾವ ಗಿಡದ ಹೆಸರು ಹೇಳಿತೆಂದು ಇಬ್ಬರೂ ನನಗೆ ಇವತ್ತಿನವರೆಗೂ ಹೇಳಿಲ್ಲ.