ಮಾಮನ ಟೇಪು, ಅತ್ತೆಯ ಕಾಲು

ನಮ್ಮ ಮಾಮನಿಗೆ ಮೋಸ ಮಾಡುವವರು ಹೈದರಾಬಾದಿನಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಅವರ ಸೊಂಟದ ಅಳತೆ ಮಾಮನ ಹತ್ತಿರ ಇದ್ದೇ ಇರುತ್ತದೆ!

ಮಾಮ ಎಂದರೆ ನನ್ನ ಅವ್ವನ ಅಣ್ಣ. ರಾಯಚೂರಿನಿಂದ ಬಂದು ಅಬಿಡ್ಸ್‌ನಲ್ಲಿ ನಲವತ್ತು ವರ್ಷ ಸೂಟು, ಸಫಾರಿ ಹೊಲಿದವರು. ಅಂಗಡಿ ಮುಚ್ಚಿದ ಮೇಲೂ ಟೇಪು ಕೊರಳಿನಿಂದ ಇಳಿಯಲಿಲ್ಲ. ಸ್ನಾನಕ್ಕೆ ಹೋಗುವಾಗಲಾದರೂ ತೆಗೆಯುತ್ತಾರೋ ಇಲ್ಲವೋ, ಅತ್ತೆಯನ್ನು ಕೇಳುವ ಧೈರ್ಯ ನನಗಾಗಿಲ್ಲ. ಲೋಕದ ಉಳಿದೆಲ್ಲ ಅಳತೆಗಳ ಮೇಲೆ ಅವರಿಗೆ ಗುಮಾನಿ. ಆಟೋದ ಮೀಟರು, ಹಾಲಿನವನ ಲೀಟರು, ಡಾಕ್ಟರ ಥರ್ಮಾಮೀಟರು, ಎಲ್ಲರೂ ಕಳ್ಳರೇ! ಮೆಹದಿಪಟ್ಟಣಂ ಬಜಾರಿನಲ್ಲಿ ಪಡವಲಕಾಯಿಗೆ ಟೇಪು ಹಿಡಿದವರನ್ನು ನೀವು ಕಂಡಿದ್ದರೆ ಅವರೇ ನಮ್ಮ ಮಾಮ.

ಆಗ ಊರಿಗೆಲ್ಲ ಸಾಫ್ಟ್‌ವೇರ್ ಜ್ವರ. ನಾನೂ ಮಾಧಾಪುರದ ಒಂದು ಕಂಪನಿಗೆ ಸೇರಿ, ಮೆಹದಿಪಟ್ಟಣಂನ ಮಾಮನ ಮನೆಯಲ್ಲೇ ಇದ್ದೆ. ಮೊದಲ ದಿನವೇ ನನ್ನ ರೆಡಿಮೇಡ್ ಶರ್ಟಿನ ಕಾಲರ್ ತಿರುಗಿಸಿ ಓದಿದರು.

“ಎಂ ಅಂದ್ರ ಎಷ್ಟ್ ಇಂಚೋ?”

“ಮೀಡಿಯಂರಿ ಮಾಮಾ.”

“ಅದು ಅಳತಿ ಅಲ್ಲ, ಅಂದಾಜು! ನಿಮ್ಮ ಕಂಪನೀನೂ ಹಿಂಗ ಅಂದಾಜಿನ ಮ್ಯಾಲೆ ನಡಿಯಾಕತ್ತೈತೇನು?”

ನಡೆಯುತ್ತಿದ್ದುದು ಹಾಗೆಯೇ! ಆದರೆ ಒಪ್ಪಿಕೊಳ್ಳಲಾಗುತ್ತದೆಯೇ?

ಇಂಥವರ ಮನೆಯಲ್ಲಿ ಅತ್ತೆಯ ಎಡಗಾಲು ಊದಿಕೊಂಡಿತು. ಹಿಂದೆ ಆಗಿದ್ದ ಗರ್ಭಕೋಶದ ಆಪರೇಷನ್ನಿನಿಂದಾಗಿ ದುಗ್ಧರಸ ಮೇಲಕ್ಕೆ ಹರಿಯದೆ ಕಾಲಿನಲ್ಲೇ ನಿಲ್ಲುತ್ತಿದೆ, ಪೂರ್ತಿ ವಾಸಿಯಾಗುವಂಥದ್ದಲ್ಲ, ಆದರೆ ದಿನಾ ಬಿಗಿಯಾಗಿ ಪಟ್ಟಿ ಸುತ್ತಿಕೊಂಡು ನಡೆದರೆ ಹೆಚ್ಚದಂತೆ ತಡೆಯಬಹುದು ಎಂದರು ಡಾಕ್ಟರು. ಅಂಗಡಿಯಲ್ಲಿ ಮಾಮನ ಪಕ್ಕ ಕೂತು ಕಾಜಾ ಹೊಲಿದು ಗುಂಡಿ ಹಚ್ಚಿಯೇ ವಯಸ್ಸು ಕಳೆದ ಅತ್ತೆ, ಚಪ್ಪಲಿ ಹಿಡಿಸದ ಆ ಕಾಲನ್ನು ಸೀರೆಯಲ್ಲಿ ಮುಚ್ಚಿಕೊಂಡು, “ನಡದು ಎಲ್ಲಿಗೆ ಹೋಗೂದೈತಿ?” ಎಂದು ಕೂತುಬಿಟ್ಟರು.

ಅಷ್ಟರಲ್ಲಿ ನಮ್ಮ ಗಲ್ಲಿಯ ತುದಿಗೆ ಮೈ ನಡುಗಿಸುವ ಯಂತ್ರದ ಕೇಂದ್ರವೊಂದು ಬಂತು. ಹದಿನೈದು ದಿನ ಪುಕ್ಕಟೆ! ಒಂದು ಹಲಗೆಯ ಮೇಲೆ ನಿಂತು ಗುಂಡಿ ಒತ್ತಿದರೆ ಅಂಗಾಲಿನಿಂದ ನೆತ್ತಿಯವರೆಗೆ ಗಡಗಡ. ನಿಂತ ರಸವೆಲ್ಲ ಹರಿಯುತ್ತದಂತೆ. ಕಾಲೊನಿಯ ಹಿರಿಯರೆಲ್ಲ ಸಾಲಾಗಿ ನಡುಗುತ್ತ, “ನ-ನ-ನಮಸ್ತೇ” ಎಂದು ಪರಸ್ಪರ ಕ್ಷೇಮ ವಿಚಾರಿಸುತ್ತಿದ್ದರು.

“ಪುಕ್ಕಟೆ ಅಂದ್ರ ಅಸ್ತರದಾಗ ಏನೋ ಮುಚ್ಚಿಟ್ಟಾನ,” ಎಂದರು ಮಾಮ. ಆದರೆ ಅತ್ತೆ, “ಒಂದ್ ಸಲ ನೋಡೂಣ್ರಿ,” ಎಂದದ್ದಕ್ಕೆ ಮೂವರೂ ಹೋದೆವು.

ಬಿಳಿ ಕೋಟಿನ ಮಹಾಶಯ ಅತ್ತೆಯ ಮೀನಖಂಡ ಅಳೆದ. ಹತ್ತು ನಿಮಿಷ ನಡುಗಿಸಿದ. ಮತ್ತೆ ಅಳೆದ. “ದೇಖೋ ಅಮ್ಮಾ, ಪೂರಾ ಏಕ್ ಇಂಚ್ ಕಮ್!”

ಅತ್ತೆಯ ಮುಖ ಅರಳಿತು. ಎಷ್ಟು ತಿಂಗಳಾಗಿತ್ತೋ ಅವರು ಹಾಗೆ ನಕ್ಕು!

“ಟೇಪ್ ಇಧರ್ ದೇವೋ ಮಿಯಾ,” ಎಂದು ಮಾಮ ಕೈ ಚಾಚಿದರು. ಅವನು ಮೊದಲು ಹಿಡಿದ ಹಾಗೆಯೇ ಹಿಡಿದು ತಾವೇ ಅಳೆದರು. ಒಂದು ನೂಲೂ ಕಡಿಮೆಯಾಗಿರಲಿಲ್ಲ! ಮೊದಲ ಸಲ ನೀನು ಎರಡು ಬೆರಳು ಸಡಿಲ ಬಿಟ್ಟಿದ್ದೆ, ಎರಡನೆಯ ಸಲ ದಾರವೂ ತೂರದ ಹಾಗೆ ಎಳೆದೆ ಎಂದು ದಖ್ಖನಿಯಲ್ಲಿ ಅವನ ಬೆವರಿಳಿಸಿ, “ಚಾಲೀಸ್ ಸಾಲ್ ಲೋಗೊಂಕೇ ಪೇಟ್ ನಾಪಾ ಮೈ!” ಎಂದು, ನಲವತ್ತು ವರ್ಷ ಜನರ ಹೊಟ್ಟೆ ಅಳೆದ ಹೆಮ್ಮೆಯಲ್ಲಿ ಗುಡುಗಿದರು. ನಡುಗುತ್ತಿದ್ದವರು ಒಬ್ಬೊಬ್ಬರಾಗಿ ಹಲಗೆಯಿಂದ ಇಳಿದರು. ಮಾಮ ಎದೆ ಎರಡು ಇಂಚು ಉಬ್ಬಿಸಿ ಮನೆಗೆ ಬಂದರು.

ಅತ್ತೆ ಮಾತ್ರ ಕಾಲಿನ ಪಟ್ಟಿ ಬಿಚ್ಚಿ ಟ್ರಂಕಿನಲ್ಲಿಟ್ಟರು. “ಕಡಿಮಿ ಆಗೇತಿ ಅಂದಾಗ ಒಂದ್ ಗಳಿಗಿ ಎಷ್ಟ್ ಖುಷಿ ಆಗಿತ್ತ್ರಿ,” ಎಂದರು, ಅಷ್ಟೇ. ಮಾಮ ಕೊರಳಿನ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತರು. ಪಾಪ ಎನ್ನಿಸಿತು, ಯಾರ ಬಗ್ಗೆ ಎಂದು ಮಾತ್ರ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಹಳೆಯ ಹೊಲಿಗೆ ಯಂತ್ರ ಹೊರಬಂತು. ಮಾಮ ಅತ್ತೆಯನ್ನು ಎದುರಿಗೆ ಕೂರಿಸಿ, ಪಾದವನ್ನು ಯಂತ್ರದ ಕೆಳಗಿನ ಪೆಡಲಿನ ಮೇಲಿಡಿಸಿ, ಮೋಟಾರು ಹಾಕಿದರು. ಯಂತ್ರ ನಡುಗಿತು, ಅತ್ತೆ ನಡುಗಿದರು, ಗೋಡೆಯ ಕ್ಯಾಲೆಂಡರೂ ನಡುಗಿತು! “ಮೋಟಾರು ನಮ್ಮದು, ಟೇಪು ನಮ್ಮದು. ಮೋಸ ಎಲ್ಲಿಂದ ಬರ್ತೈತಿ?” ಸುಮ್ಮನೆ ಯಂತ್ರ ಓಡಿಸುವುದು ಅವರಿಗಾಗದು, ಹೀಗಾಗಿ ಕೈಗೆ ಸಿಕ್ಕ ಬಟ್ಟೆಯೆಲ್ಲ ದಿಂಬಿನ ಗವಸಾಯಿತು. ಮನೆಯಲ್ಲಿದ್ದ ದಿಂಬು ಮೂರು, ಗವಸು ಮೂವತ್ತು!

ನಡುಗಿದ ಮೇಲೆ ಪಟ್ಟಿ ಸುತ್ತಿಕೊಂಡು ನಡೆಯಲೇಬೇಕು, ಇಲ್ಲದಿದ್ದರೆ ಮೋಟಾರಿನ ಗುಣ ಹತ್ತುವುದಿಲ್ಲ ಎಂಬ ಕಾಯಿದೆ ಬೇರೆ. ವಾರಕ್ಕೊಮ್ಮೆ ಅಳತೆ. “ಕಾಲಿಂಚು ಕಡಿಮಿ!” ಎಂದು ಬೀರುವಿನ ಬಾಗಿಲಿಗೆ ಸೀಮೆಸುಣ್ಣದ ಗೆರೆ. ಮುಂದಿನ ವಾರ ಇನ್ನೊಂದು ಕಾಲಿಂಚು, ಇನ್ನೊಂದು ಗೆರೆ. ಅತ್ತೆ ಗಲ್ಲಿಯ ತುದಿಯವರೆಗೆ ನಡೆದರು, ಆಮೇಲೆ ಮಸೀದಿಯ ತಿರುವಿನವರೆಗೆ.

ಮಾಮನ ಗುಮಾನಿಯ ರೋಗ ನನಗೂ ಅಂಟಿತ್ತೇನೋ. ಬೀರುವಿನ ಲೆಕ್ಕದಲ್ಲಿ ಅತ್ತೆಯ ಕಾಲು ಇಷ್ಟು ಹೊತ್ತಿಗೆ ನನ್ನ ಕಾಲಿಗಿಂತ ಸಣ್ಣಗಾಗಬೇಕಿತ್ತು! ಚಪ್ಪಲಿ ಮಾತ್ರ ಇನ್ನೂ ಹಿಡಿಸುತ್ತಿರಲಿಲ್ಲ. ಮಾಮನ ಹಳೆಯ ಅಗಲದ ಸ್ಯಾಂಡಲಿನಲ್ಲೇ ಅವರು ನಡೆಯುತ್ತಿದ್ದುದು.

ಆಮೇಲೆ ಮಾಮನ ಕಣ್ಣಿನ ಪೊರೆ ತೆಗೆಸಿದೆವು. ಕಪ್ಪು ಕನ್ನಡಕ ಹಾಕಿಕೊಂಡವರಿಗೆ ಟೇಪಿನ ಅಂಕಿ ಕಾಣಿಸಲಿಲ್ಲ. “ಇವತ್ತ ನೀ ಅಳಿಯೋ,” ಎಂದರು. ಅವರೇ ಕಲಿಸಿದ ಹಾಗೆ ಒಂದು ಬೆರಳು ಒಳಗಿಟ್ಟು ಅಳೆದೆ. ಮೊದಲ ದಿನ ಎಷ್ಟಿತ್ತೋ ಅಷ್ಟೇ! ಹೆಚ್ಚಿರಲಿಲ್ಲ, ಕಡಿಮೆಯಂತೂ ಆಗಿರಲೇ ಇಲ್ಲ.

ನಾನು ಬಾಯಿ ತೆರೆಯುವ ಮೊದಲೇ ಮಾಮನ ಕೈ ತಡಕಾಡುತ್ತ ಬಂತು. ನನ್ನ ಬೆರಳನ್ನು ಮೆಲ್ಲಗೆ ಹೊರಗೆ ತೆಗೆದು, ಟೇಪನ್ನು ಎಳೆಯಿತು.

“ಈಗ ಎಷ್ಟ್ ಬಂತು?” ಆ ದನಿಯಲ್ಲಿ ಬೇಡಿಕೆ ಇತ್ತು. ಯಾರ ಅಳತೆಯನ್ನೂ ನಂಬದ ಮನುಷ್ಯ ನನ್ನ ಮುಂದೆ ಒಂದು ಸುಳ್ಳಿಗಾಗಿ ಕೈ ಚಾಚಿದ್ದರು.

“ಕಾಲಿಂಚು ಕಡಿಮಿ ಆಗೇತ್ರಿ ಮಾಮಾ,” ಎಂದೆ.

ಮಾಮ ಸೀಮೆಸುಣ್ಣ ಹುಡುಕಿಕೊಂಡು ಬೀರುವಿನ ಕಡೆ ಹೋದರು. ಅತ್ತೆ ಬಗ್ಗಿ ಪಟ್ಟಿ ಸುತ್ತಿಕೊಳ್ಳುತ್ತ ಪಿಸುಗುಟ್ಟಿದರು: “ನೀನೂ ಅವರಂಗ ಎಳಿಯಾಕ ಕಲ್ತೀ?”

“ನಿಮಗ ಗೊತ್ತೈತೇನ್ರಿ ಅತ್ತಿ?”

“ಇಷ್ಟ್ ವರ್ಷ ಬಾಜೂಕ ಕುಂತೀನಿ. ಬಿಗಿ ಯಾವುದು, ಸಡಿಲ ಯಾವುದು ನನಗ ತಿಳಿಯಂಗಿಲ್ಲೇನು? ಅವರಿಗೆ ಹೇಳಬ್ಯಾಡ. ನಾ ನಡೀದಿದ್ರ ಅವರು ಊಟಾನೂ ಸರಿ ಮಾಡಂಗಿಲ್ಲ.” ಆಮೇಲೆ ಎದ್ದು ನಿಂತು ದೊಡ್ಡ ದನಿಯಲ್ಲಿ, “ಏನ್ರೀ, ಕಾಲು ಭಾಳ ಹಗುರ ಆಗೇತಿ, ಇವತ್ತ ಬಜಾರದ ತನಕ ಹೋಗೂಣು ಬರ್ರಿ!” ಎಂದು ಕಪ್ಪು ಕನ್ನಡಕದ ಮಾಮನ ಕೈ ಹಿಡಿದು ಹೊರಟರು.

ಮಾಮನಿಗೆ ಮೋಸ ಮಾಡುವವರು ಹೈದರಾಬಾದಿನಲ್ಲಿ ಇನ್ನೂ ಹುಟ್ಟಿಲ್ಲ ಎಂದೆನಲ್ಲ, ಅದು ನಿಜವೇ. ಅತ್ತೆ ಹುಟ್ಟಿದ್ದು ಲಿಂಗಸೂಗೂರಿನಲ್ಲಿ.