ಕರ್ನಲ್ಲಿನ ಪ್ರಶ್ನೆ, ನಮ್ಮ ಕಡೆಯವರ ಉತ್ತರ

ಕಂಪ್ಯೂಟರ್ ರಿಪೇರಿ ಮಾಡುವವರ ಬಾಳಿನಲ್ಲಿ ನಗೆಗೆ ಎಂದೂ ಬರವಿಲ್ಲ. ಉಳಿದವರಿಗೆ ಅಲ್ಲೇ ನಗು ಬರುತ್ತದೆ, ನಮಗೆ ಮಾತ್ರ ಒಂದು ವಾರ ತಡವಾಗಿ ಬರುತ್ತದೆ. ಹಲಕರ್ಣಿ ಕಡೆಯ ಕುರಿ ಸಾಕುವ ಮನೆಯ ಮಗಳು ನಾನು. ಗಡಹಿಂಗ್ಲಜದ ಬಸ್ ಸ್ಟ್ಯಾಂಡಿನ ಹಿಂದೆ ಪುಟ್ಟದೊಂದು ಅಂಗಡಿ ಇಟ್ಟುಕೊಂಡಿದ್ದೇನೆ. ನನಗೊಂದು ಜಂಬವಿದೆ, ಮುಚ್ಚಿಡುವುದಿಲ್ಲ. ತಿರುಗುವ ಡಿಸ್ಕ್ ಎಷ್ಟೇ ಹಳೆಯದಿರಲಿ, 'ಇದು ಆಗೋದಿಲ್ಲ' ಎಂದು ಇಂದಿನವರೆಗೆ ಒಂದನ್ನೂ ವಾಪಸು ಕಳಿಸಿಲ್ಲ. ಆ ಜಂಬ ಮಣ್ಣುಪಾಲಾಗುವುದು ಎಷ್ಟೆಷ್ಟು ಸಲ ಸ್ವಲ್ಪದರಲ್ಲೇ ತಪ್ಪಿದೆ ಎಂಬುದು ನನಗೊಬ್ಬಳಿಗೇ ಗೊತ್ತು.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿಗೆ ಒಂದು ತಿರುಳು ಇರುತ್ತದೆ, ಅದಕ್ಕೆ ಕರ್ನಲ್ ಎನ್ನುತ್ತಾರೆ. ಅದನ್ನು ನಮಗೆ ಬೇಕಾದಂತೆ ನಾವೇ ಕಟ್ಟಿಕೊಳ್ಳಬಹುದು. ಕಟ್ಟುವ ಮೊದಲು ಅದು ಸಾವಿರಾರು ಪ್ರಶ್ನೆ ಕೇಳುತ್ತದೆ: ಈ ಬಗೆಯ ಡಿಸ್ಕ್ ಬೇಕೇ, ಆ ಬಗೆಯದು ಬೇಕೇ? ಉತ್ತರ ಮೂರೇ. 'ವೈ' ಎಂದರೆ ಬೇಕು. 'ಎನ್' ಎಂದರೆ ಬೇಡ. 'ಎಂ' ಎಂದರೆ ಬೇಕು, ಆದರೆ ತಿರುಳಿನೊಳಗೆ ಬೇಡ, ಬೇರೆ ಫೈಲಿನಲ್ಲಿರಲಿ. ಬೇಡದ್ದಕ್ಕೆಲ್ಲ ಬೇಡ ಎಂದರೆ ಹಳೆಯ ಯಂತ್ರವೂ ಹಗುರಾಗಿ ಓಡುತ್ತದೆ. ತಪ್ಪು ಉತ್ತರ ಕೊಟ್ಟರೆ ಮಾತ್ರ ಕಂಪ್ಯೂಟರಿಗೆ ತನ್ನ ಹೊಟ್ಟೆಯೊಳಗಿನ ಡಿಸ್ಕೇ ಕಾಣುವುದಿಲ್ಲ.

೧. ತೋರಿಸಿದ ಮೇಲೆ ಕಾಣಿಸಿತು

ಅಂಗಡಿ ತೆರೆದ ಹೊಸತು. ಗಡಹಿಂಗ್ಲಜದ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ತಮ್ಮ ಹಳೆಯ ಕಂಪ್ಯೂಟರ್ ಆಮೆಯಾಗಿದೆ ಎಂದು ಕರೆಸಿದರು. ಮೆಣಸಿನಕಾಯಿ ಚೀಲಗಳ ನಡುವೆ ಸೀನುತ್ತ ಕುಳಿತು ಕರ್ನಲ್ ಕಟ್ಟಿದೆ. 'ಸ್ಕಸಿ ಡಿಸ್ಕ್ ಬೇಕೇ?' ಎಂದು ಕೇಳಿತು. ಸ್ಕಸಿ ಎಂದರೆ ದೊಡ್ಡ ದೊಡ್ಡ ಕಚೇರಿಗಳಲ್ಲಿ ಇರುತ್ತಿದ್ದ ಹಳೆಯ ಬಗೆಯ ಡಿಸ್ಕ್. ಮೆಣಸಿನಕಾಯಿ ಅಂಗಡಿಗೆ ಅದೇಕೆ ಎಂದು ಠೀವಿಯಿಂದ ಬೇಡ ಒತ್ತಿದೆ. ಯಂತ್ರ ಚಾಲೂ ಮಾಡಿದರೆ ಪರದೆಯ ಮೇಲೆ, ಡಿಸ್ಕ್ ಸಿಗಲಿಲ್ಲ ಎಂಬ ಒಂದು ಸಾಲು ಬಂದು ನಿಂತುಬಿಟ್ಟಿತು.

"ಏನಂತೈತ್ರಿ ಅಕ್ಕಾರ?" ವ್ಯಾಪಾರಿ ಕೇಳಿದರು.

"ಡಿಸ್ಕ್ ಕಾಣವಲ್ದಂತ್ರಿ."

"ಕಾಣವಲ್ದು ಅಂದ್ರ? ಎಲ್ಲಿ ಹೋಗತೈತ್ರಿ ಅದು? ಹತ್ತ ವರ್ಷಾತು, ಇಲ್ಲೇ ಐತಿ!" ಎನ್ನುತ್ತ ಅವರೇ ಡಬ್ಬಿಯ ಮುಚ್ಚಳ ತೆಗೆದರು. ಮಾನಿಟರನ್ನು ಎರಡೂ ಕೈಯಲ್ಲಿ ಹಿಡಿದು ತೆರೆದ ಡಬ್ಬಿಯ ಕಡೆ ತಿರುಗಿಸಿ, ಡಿಸ್ಕಿನ ಮೇಲೆ ಬೆರಳಿಟ್ಟು ಗದರಿದರು: "ಏ, ಇಲ್ಲೈತಿ ನೋಡು!"

ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಪುಸ್ತಕ ತಿರುವಿ ಹಾಕಿದ ಮೇಲೆ ತಿಳಿಯಿತು: ಈಗಿನ ಸಾದಾ ಡಿಸ್ಕುಗಳೂ ಕರ್ನಲ್ಲಿನೊಳಗೆ ಆ ಸ್ಕಸಿಯ ದಾರಿಯಿಂದಲೇ ಬರಬೇಕು. ನಾನು ಬಾಗಿಲನ್ನೇ ಬೇಡ ಎಂದಿದ್ದೆ. ಮರುದಿನ ಹೂಂ ಎಂದು ಮತ್ತೆ ಕಟ್ಟಿ ತಂದು ಹಾಕಿದೆ, ಯಂತ್ರ ಓಡಿತು. ಒಳಗೊಳಗೇ ಬೀಗುತ್ತ ಹೊಗಳಿಕೆಗೆ ಕಾದು ನಿಂತೆ. ವ್ಯಾಪಾರಿ ಪಕ್ಕದ ಅಂಗಡಿಯವರನ್ನು ಕರೆದು ಹೇಳಿದರು: "ಅಕ್ಕಾರು ಹುಡುಕಿ ಹುಡುಕಿ ಸಾಕಾಗಿದ್ರು. ಕಡೀಕ ನಾನ ತೋರಿಸಿದ್ಯಾ ನೋಡ್ರಿ, ಆವಾಗ ಕಂಡ್ತು."

೨. ಕುರಿದೊಡ್ಡಿಯ ಕೀಲಿ

ಕೆಲವು ವರ್ಷಗಳ ಮೇಲೆ ಕೊಲ್ಲಾಪುರದ ಒಂದು ಕಾಲೇಜಿನವರು ಮಕ್ಕಳ ಮುಂದೆ ಕರ್ನಲ್ ಕಟ್ಟಿ ತೋರಿಸಲು ನನ್ನನ್ನು ಕರೆದರು. ಮಗಳ ಭಾಷಣ ಕೇಳಬೇಕೆಂದು ಅಪ್ಪನೂ ಹೊರಟ. ಹೆಗಲ ಮೇಲೆ ಕಂಬಳಿ, ತಲೆಗೆ ಕೆಂಪು ರುಮಾಲು, ಮೊದಲನೇ ಸಾಲಿನ ನಟ್ಟನಡುವಿನ ಕುರ್ಚಿ. ಅಲ್ಲಿಗೆ ಬಂದಿದ್ದ ಸೂಟುಬೂಟಿನವರಿಗಿಂತ ಅಪ್ಪನೇ ನನಗೆ ದೊಡ್ಡ ಅತಿಥಿಯಾಗಿ ಕಂಡ.

ಅಪ್ಪ ಕುಳಿತಿದ್ದಾನೆ ಎಂಬ ಹುಮ್ಮಸ್ಸಿಗೆ ಕರ್ನಲ್ಲನ್ನು ಎಲ್ಲರಿಗಿಂತ ತೆಳ್ಳಗೆ ಮಾಡಿ ತೋರಿಸುತ್ತೇನೆಂದು ಹೊರಟೆ. ಬಂದ ಪ್ರಶ್ನೆಗೆಲ್ಲ 'ಎಂ', 'ಎಂ' ಎಂದು ಒತ್ತಿದೆ. ಡಿಸ್ಕ್ ಓದುವ ಭಾಗಕ್ಕೂ ಅದನ್ನೇ ಒತ್ತಿದ್ದು ಆಮೇಲೆ ಗೊತ್ತಾಯಿತು. ತುಂಬಿದ ಸಭೆಯ ಎದುರಿಗೆ ಯಂತ್ರ ಡಿಸ್ಕ್ ಸಿಗಲಿಲ್ಲ ಎಂದು ಮುಷ್ಕರ ಹೂಡಿತು. ಮಕ್ಕಳೆಲ್ಲ ಕಣ್ಣು ಪಿಳುಕಿಸುತ್ತ ಕೂತರು.

ಅಪ್ಪ ಎದ್ದು ನಿಂತ. "ಏನಾತು ಮಗಳ?"

"ಡಿಸ್ಕ್ ಓದೂದು ಹೆಂಗ ಅಂತ ಹೇಳೂ ಫೈಲ್ ಐತೆಲ್ಲಪ್ಪಾ, ಅದನ್ನ ತಿರುಳಿನ್ಯಾಗ ಹಾಕಲಿಲ್ಲ, ಡಿಸ್ಕಿನ ಒಳಗ ಇಟ್ಟೆ. ಈಗ ಡಿಸ್ಕ್ ಓದಾಕ ಆ ಫೈಲ್ ಬೇಕು, ಆ ಫೈಲ್ ತಗ್ಯಾಕ ಡಿಸ್ಕ್ ಓದಬೇಕು."

ಅಪ್ಪ ಹೆಗಲ ಕಂಬಳಿ ಸರಿಮಾಡಿಕೊಂಡ. "ಹಂಗಾರ ದೊಡ್ಡಿ ಕೀಲೀನ ಕುರಿ ಕೊಳ್ಳಾಗ ಕಟ್ಟಿ, ಕುರೀನ ದೊಡ್ಡಿ ಒಳಗ ಹೊಡದು, ಹೊರಗಿಂದ ಕೀಲಿ ಹಾಕೀದಿ ಅನ್ನು!"

ಕನ್ನಡ ಬರುತ್ತಿದ್ದ ಕಾಲೇಜಿನ ಸರ್ ಅದನ್ನು ಮರಾಠಿಗೆ ತಿರುಗಿಸಿದ್ದೇ ತಡ, ಸಭೆ ಬಿದ್ದು ಬಿದ್ದು ನಕ್ಕಿತು. ಅಲ್ಲಿಯವರೆಗೆ ನಾನು ಹೇಳಿದ ಯಾವುದೂ ತಲೆಗೆ ಹತ್ತದ ಮಕ್ಕಳಿಗೆ ಅದೊಂದು ಮಾತು ನೇರ ಹೊಕ್ಕಿತು. ಸರ್ ಅದನ್ನು ಹಲಗೆಯ ಮೇಲೂ ಬರೆಸಿ, ಎಲ್ಲರೂ ವಹಿಗೆ ಇಳಿಸಿಕೊಳ್ಳಿ ಎಂದರು. ನನ್ನ ಮರ್ಯಾದೆ ಹೋಯಿತೋ ಉಳಿಯಿತೋ ಎಂಬುದು ಆಗ ನನ್ನ ಲೆಕ್ಕಕ್ಕೇ ಬರಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ನನ್ನಪ್ಪನ ಮಾತನ್ನು ಕಾಲೇಜಿನ ಮಕ್ಕಳು ಬರೆದುಕೊಳ್ಳುತ್ತಿದ್ದುದನ್ನು ಕಂಡು ಎದೆ ತುಂಬಿ ಬಂತು.

ವಾಪಸು ಬರುವಾಗ ಬಸ್ಸು ನಿಪ್ಪಾಣಿ ದಾಟಿದ ಮೇಲೆ ಅಪ್ಪ ಮೆಲ್ಲಗೆ ಕೇಳಿದ: "ನಾ ಹೇಳಿದ್ದು ಪರೀಕ್ಷಾದಾಗ ಬರತೈತೇನ?"

೩. ಶಾಲು ಹೊದ್ದ ಮಾನಿಟರ್

ಕುರುಂದವಾಡದಲ್ಲಿ ಕೃಷ್ಣೆ ಏರಿ ಬಂದ ಒಂದು ವರ್ಷ, ಅಲ್ಲಿನ ವಾಚನಾಲಯದ ಹಿರಿಯ ಗ್ರಂಥಪಾಲರು ಕಂಪ್ಯೂಟರ್ ಹೊತ್ತುಕೊಂಡು ಬಂದರು. ಹೊತ್ತು ತಂದದ್ದು ಮಾನಿಟರನ್ನು. ಅದೂ ಸನ್ಮಾನದ ಶಾಲಿನಲ್ಲಿ ಸುತ್ತಿ.

"ನೀರ ಮೆಟ್ಟಲಕ್ಕ ಬಂದ ಕೂಡ್ಲೆ ಮೊದಲ ಇದನ್ನ ಅಟ್ಟದ ಮ್ಯಾಲ ಇಟ್ಟೇನ್ರಿ ತಾಯಿ. ಎಲ್ಲಾ ಪುಸ್ತಕದ ಯಾದಿ ಇದರಾಗ ಐತಿ."

"ಕೆಳಗ ಒಂದ ಡಬ್ಬಿ ಇತ್ತಲ್ರಿ, ಅದು?"

"ಆ ಕರೇ ಡಬ್ಬಿ? ಅದು ಮೂರ ದಿವಸ ನೀರಾಗ ಇತ್ರಿ. ಇರಲಿ ಬಿಡ್ರಿ, ಅದರಾಗ ಏನಿರತೈತಿ!"

ಪುಸ್ತಕಗಳ ಪಟ್ಟಿಯೆಲ್ಲ ಆ ಡಬ್ಬಿಯ ಡಿಸ್ಕಿನಲ್ಲಿರುತ್ತದೆ, ಮಾನಿಟರಿನಲ್ಲಿ ಏನೂ ಇರುವುದಿಲ್ಲ ಎಂದು ತಿಳಿಸಿ ಹೇಳಿದೆ. ಅವರು ಬಿಳಚಿಕೊಂಡು ನನ್ನ ಬೆಂಚಿನ ಮೇಲೆ ಕುಳಿತರು. ಆ ಯಾದಿ ಅವರ ನೌಕರಿಯ ಅರ್ಧ ಆಯುಷ್ಯ. ಡಬ್ಬಿ ತರಿಸಿ, ಡಿಸ್ಕ್ ಕಳಚಿ, ಅದರ ಮೈಮೇಲಿನ ಕೆಸರು ತೊಳೆದು ಎಂಟು ದಿನ ಒಣಗಿಸಿದೆ. ಯುಎಸ್‌ಬಿಯಲ್ಲಿ ಹಚ್ಚುವ ಡಿಸ್ಕಿಗೂ, ಅದರೊಳಗಿನ ಫೈಲುಗಳ ಹಳೆಯ ಬಗೆಯ ಜೋಡಣೆಗೂ ಹೂಂ ಎಂದು ಕರ್ನಲ್ ಕಟ್ಟಿದೆ. ಯಾದಿ ಪೂರ್ತಿ ಬಂತು, ಒಂದು ಪುಸ್ತಕವೂ ತಪ್ಪದೆ. ಗ್ರಂಥಪಾಲ ಅಜ್ಜನವರು ಅದೇ ಶಾಲನ್ನು ನನಗೆ ಹೊದಿಸಿದರು. ಅದು ಈಗಲೂ ನನ್ನ ಅಂಗಡಿಯ ಗೋಡೆಯ ಮೇಲಿದೆ.

ಮುಂದೆ ಮತ್ತೊಂದು ಮಳೆಗಾಲದಲ್ಲಿ ನೀರು ಏರಿದಾಗ ಅವರೇ ಖುಷಿಯಿಂದ ಫೋನ್ ಮಾಡಿದರು. "ತಾಯಿ, ಈ ಸಲ ನಾ ಶಾಣ್ಯಾ ಆಗೇನ್ರಿ. ಕರೇ ಡಬ್ಬಿ ಅಟ್ಟದ ಮ್ಯಾಲ ಐತಿ."

"ಭಾಳ ಚಲೋ ಆತ್ರಿ. ಮಾನಿಟರ್?"

"ಅದರಾಗ ಏನಿಲ್ಲ ಅಂತ ನೀವ ಹೇಳೀರೆಲ್ಲ, ನೀರಾಗ ಬಿಟ್ಟೇನ್ರಿ."

೪. ಆಯಿಯ ಶುಕ್ರವಾರ

ಇಚಲಕರಂಜಿಯ ಒಂದು ಮಗ್ಗದ ಕಾರ್ಖಾನೆಯ ಮಾಲಕರು ನಮ್ಮ ಕಡೆಯ ಕನ್ನಡದ ಮನೆಯವರೇ. ಅವರ ತಂದೆ ಸೀರೆಯ ಅಂಚುಗಳ ವಿನ್ಯಾಸ ಬರೆಯುವುದರಲ್ಲಿ ಹೆಸರಾದವರು, ಕೊನೆಯ ವರ್ಷಗಳಲ್ಲಿ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದ್ದರು. ಅವರು ತೀರಿಕೊಂಡ ಮೇಲೆ ಯಂತ್ರವೂ ಕೆಟ್ಟಿತು. ಉಳಿದದ್ದು ಎರಡು ಹಳೆಯ ಡಿಸ್ಕು, ಅವುಗಳನ್ನು ಯಂತ್ರಕ್ಕೆ ಹಚ್ಚುವ ಒಂದು ಕಾರ್ಡು. ಕೊಲ್ಲಾಪುರದಿಂದ ಬಂದ ಇಂಜಿನಿಯರ್ ಒಬ್ಬರು ಕಾರ್ಡನ್ನು ಬೇರೆ ಯಂತ್ರಕ್ಕೆ ಹಾಕಿ ನೋಡಿದರು, ಏನೂ ಕಾಣಿಸಲಿಲ್ಲ. "ಹೇ ಭಂಗಾರಾತ ಟಾಕಾ," ಗುಜರಿಗೆ ಹಾಕಿ ಎಂದು ಹೇಳಿ ಹೋದರು.

ಮಾಲಕರ ತಾಯಿಯನ್ನು ಇಡೀ ಕಾರ್ಖಾನೆ ಆಯಿ ಎಂದೇ ಕರೆಯುತ್ತದೆ. ನಾನು ಹೋದ ದಿನ ಆಯಿ ನನ್ನ ಕೈ ಹಿಡಿದುಕೊಂಡು ಹೇಳಿದರು: "ಅವರ ಕೈಯಾಂದು ಅಂತ ಅದೊಂದ ಉಳದೈತಿ ತಂಗಿ. ಒಂದ ಸಲ ಕಣ್ಣೀಲೆ ನೋಡೂಹಂಗ ಮಾಡು."

ಮಾಡುತ್ತೇನೆ ಎಂದು ಗಟ್ಟಿಯಾಗಿ ಹೇಳಿಬಿಟ್ಟೆ. ಹಳೆಯ ಕಾರ್ಡುಗಳ ಬೆಂಬಲವನ್ನು ಈಗ ಸಿದ್ಧವಾಗಿ ಸಿಗುವ ಕರ್ನಲ್ಲುಗಳಲ್ಲಿ ಬಹಳ ಕಡೆ ಕೈಬಿಟ್ಟಿರುತ್ತಾರೆ, ನಾವೇ ಹೂಂ ಎಂದು ಕಟ್ಟಿದರೆ ಆಯಿತು ಎಂಬ ಧೈರ್ಯ ನನ್ನದು. ಕಾರ್ಡಿನ ಮೇಲಿನ ಚೀಟಿಯಲ್ಲಿದ್ದ ಕಂಪನಿಯ ಹೆಸರು ಓದಿ ಅದಕ್ಕೆ ವೈ ಎಂದೆ. ಡಿಸ್ಕ್ ಕಾಣಲಿಲ್ಲ. ಅದೇ ಕಂಪನಿಯ ಇನ್ನೊಂದಕ್ಕೆ ವೈ ಎಂದೆ. ಆಗಲೂ ಕಾಣಲಿಲ್ಲ. ಎರಡು ದಿನ ಹಾಗೇ ಹೋಯಿತು. ಆಯಿ ಚಹಾ ತಂದಿಟ್ಟು ಪರದೆ ನೋಡಿ ಹೋಗುತ್ತಿದ್ದರು. ನನ್ನ ಅಷ್ಟು ವರ್ಷದ ಜಂಬ ಇಚಲಕರಂಜಿಯಲ್ಲೇ ಮುಗಿಯಿತು ಎನಿಸಿತು. ಅದಕ್ಕಿಂತ ಹೆಚ್ಚಾಗಿ, ಆ ಮುದುಕಿಗೆ ಆಗೋದಿಲ್ಲ ಎಂದು ಹೇಳುವ ಬಾಯಿ ನನಗಿರಲಿಲ್ಲ.

ಮೂರನೆಯ ದಿನ ಶುಕ್ರವಾರ. ಒಂದೊಂದೇ ಸಾಲು ಪ್ರಶ್ನೆ ಕೇಳುವ ವಿಧಾನ ಹಿಡಿದು ಮೊದಲಿನಿಂದ ಕುಳಿತೆ. ಡಿಸ್ಕಿನ ಕಾರ್ಡುಗಳ ಭಾಗಕ್ಕೆ ಬಂದಾಗ ಫೋನ್ ಬಂತು. ಮಗ್ಗದ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ, ಹೊರಗೆ ಹೋಗಬೇಕು. ಆಯಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಗಂಡನ ಪಕ್ಕದಲ್ಲಿ ಕುಳಿತು ಚೌಕದ ಹಾಳೆಯಲ್ಲಿ ವಿನ್ಯಾಸ ತಿದ್ದಿದವರು, ಚೌಕದ ಒಂದು ಮನೆ ತಪ್ಪಿದರೂ ಹಿಡಿಯುವ ಕಣ್ಣು ಅವರದು. "ನಾ ಒತ್ತತೇನಿ, ನೀ ಹೋಗ" ಎಂದರು. ನಾನು ಒಂದು ಚೀಟಿಯಲ್ಲಿ ಮೂರು ಹೆಸರು ಬರೆದುಕೊಟ್ಟೆ. "ಆಯಿ, ಈ ಮೂರ ಹೆಸರ ಬಂದ್ರ ಇದನ್ನ ಒತ್ರಿ, ಇದು ಬೇಕು ಅಂತ. ಉಳದದ್ದಕ್ಕೆಲ್ಲಾ ಇದನ್ನ ಒತ್ರಿ, ಇದು ಬ್ಯಾಡ ಅಂತ."

ಬಂದು ನೋಡುತ್ತೇನೆ, ಆ ಭಾಗ ಮುಗಿದಿದೆ. ಪರದೆಯ ತುಂಬ ವೈ, ವೈ, ವೈ. ಬೇಡ ಒಂದೂ ಇಲ್ಲ.

"ಆಯಿ! ಬ್ಯಾಡ ಒತ್ತರಿ ಅಂತ ಹೇಳಿದ್ನೆಲ್ರಿ!"

ಆಯಿ ಗೋಡೆಯ ಮೇಲಿನ ದೇವರ ಪಟದ ಕಡೆ ಕೈ ತೋರಿಸಿದರು. "ಶುಕ್ರಾರ ದಿವಸ, ಈಗರ ದೀಪಾ ಹಚ್ಚೇನಿ. ಅದು ಪಾಪ, ಒಂದೊಂದ ಹೆಸರ ತಗೊಂಡು ಬೇಕೇನ, ಬೇಕೇನ ಅಂತ ಕೇಳತೈತಿ. ದೀಪದ ಮುಂದ ಕುಂತು ಬ್ಯಾಡ ಅಂತ ಹೆಂಗ ಅನ್ನಲಿ? ನಮ್ಮ ಮನ್ಯಾಗ ಅಕ್ಕಿ ತೀರಿದ್ರೂ ತೀರಿತು ಅನ್ನಂಗಿಲ್ಲ, ಹೆಚ್ಚಾಗ್ಯಾವ ತರ್ರಿ ಅಂತೇವಿ."

ತಿರುಗಿ ಮೊದಲಿನಿಂದ ಸಾವಿರಾರು ಉತ್ತರ ಕೊಡುವ ತ್ರಾಣ ನನಗಿರಲಿಲ್ಲ. ಆಗುವುದು ಆಗಲಿ ಎಂದು ಸಿಟ್ಟಿನಲ್ಲೇ ಅದನ್ನೇ ಕಟ್ಟಲು ಬಿಟ್ಟೆ. ಮಧ್ಯಾಹ್ನ ಕಳೆಯಿತು. ಯಂತ್ರ ಚಾಲೂ ಮಾಡಿದೆ. ಎರಡೂ ಡಿಸ್ಕು ಒಂದರ ಕೆಳಗೊಂದು ಪರದೆಯ ಮೇಲೆ ಬಂದವು.

ಮಗ್ಗ ನಿಲ್ಲಿಸಿ ಎಲ್ಲರೂ ಬಂದರು. ಮೊದಲು ತೆರೆದದ್ದು ನವಿಲಿನ ಒಂದು ಅಂಚು. ಆಯಿ ಪರದೆಯ ಮೇಲೆ ಬೆರಳಾಡಿಸಿ, ಎಡಗಡೆಯ ನವಿಲಿನ ಕೊಕ್ಕಿನ ಹತ್ತಿರ ನಿಲ್ಲಿಸಿದರು. "ಇಲ್ಲೊಂದ ಮನಿ ತಪ್ಯಾರ ನೋಡು. ಆವಾಗೂ ಹೇಳಿದ್ದೆ, ಕೇಳಲಿಲ್ಲ," ಎಂದು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ.

ಆಮೇಲೆ ಯಾವ ಹೆಸರಿನವನು ಡಿಸ್ಕ್ ಹಿಡಿದ ಎಂದು ನೋಡಿದೆ. ಚೀಟಿಯಲ್ಲಿದ್ದ ಮೂವರಲ್ಲಿ ಒಬ್ಬನೂ ಅಲ್ಲ. ಕಾರ್ಡಿನ ಮೇಲಿನ ಕಂಪನಿಯ ಚೀಟಿ ಕಿತ್ತು ನೋಡಿದರೆ, ಕೆಳಗಿನ ಚಿಪ್ ಬೇರೆಯೇ ಕಂಪನಿಯದು. ಆ ಹೆಸರನ್ನು ನಾನು ಎರಡು ದಿನವೂ ತಿರುಗಿ ನೋಡದೆ ಬೇಡ ಎಂದಿದ್ದೆ.

ಮರುವಾರ ಸುದ್ದಿ ಕೇಳಿ ಕೊಲ್ಲಾಪುರದ ಇಂಜಿನಿಯರ್ ಓಡೋಡಿ ಬಂದರು. ನಾನೂ ಅಲ್ಲೇ ಇದ್ದೆ, ಉತ್ತರ ಹೇಳಲು ಗಂಟಲು ಸರಿಮಾಡಿಕೊಂಡು ನಿಂತಿದ್ದೆ. "ಹೇ ಕರ್ನಲ್ ಕುಣಿ ಕೇಲಂ?" ಯಾರು ಮಾಡಿದ್ದು ಎಂದು ಕೇಳಿದರು. ಮಾಲಕರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ತಾಯಿಯ ಕಡೆ ಕೈ ಮಾಡಿ, ಎದೆಯುಬ್ಬಿಸಿ ಹೇಳಿದರು: "ನಮ್ಮ ಆಯಿ ಮಾಡ್ಯಾಳ."

ಇಂಜಿನಿಯರ್ ಆಯಿಯ ಎದುರು ಕುಕ್ಕರಗಾಲಿನಲ್ಲಿ ಕುಳಿತು, ವಹಿ ತೆರೆದು, ಪೆನ್ನು ಹಿಡಿದು ಕೇಳಿದರು. ಅಷ್ಟೊಂದು ಹೆಸರಿನಲ್ಲಿ ಇದೇ ಬೇಕು ಎಂದು ನಿಮಗೆ ಹೇಗೆ ಗೊತ್ತಾಯಿತು ಎಂದು.

ಆಯಿ ಅವರ ಅಂಗೈಗೆ ನಾಲ್ಕು ಶೇಂಗಾ ಕಾಳು ಹಾಕಿದರು. "ಗೊತ್ತಾಗೂದೇನ ಬಂತೋ ಮಗನ? ಅದು ಕೇಳ್ತು, ನಾ ಹೂಂ ಅಂದೆ."